ರಾಹೇಲಬಾಯಿ ಒತ್ತದ ಸ್ವಿಚ್ಚು

ರಾಹೇಲಬಾಯಿಯವರು ಯಾವ ಯಂತ್ರದ ಮುಖವನ್ನೂ ಮೊದಲು ನೋಡಿದವರಲ್ಲ. ಎದುರಿಗೆ ತಂದಿಟ್ಟ ಕೂಡಲೇ ಅದನ್ನು ಎರಡೂ ಕೈಯಿಂದ ಎತ್ತಿ, ಎಳೆಗೂಸನ್ನು ಬೋರಲು ಮಲಗಿಸುವಷ್ಟು ಮೆಲ್ಲಗೆ ಮಗುಚಿ, ಹೊಟ್ಟೆಗೆ ಬಡಿದಿದ್ದ ತಗಡಿನ ಮೇಲಿನ ಅಕ್ಷರ ಓದುತ್ತಿದ್ದರು. ಕನ್ನಡಕವನ್ನು ಹಣೆಗೇರಿಸಿ, ಮೂಗು ತಾಗುವಷ್ಟು ಬಾಗಿ, ತುಟಿ ಅಲುಗಿಸುತ್ತ ಅಂಕಿ ಓದಿ ಮುಗಿಸಿದ ಮೇಲೆಯೇ ಅವರ ತೀರ್ಪು. ‘ಇದು ಪೂರಾ ಉಣ್ಣೋದು’ ಎಂದರೆ ನಮ್ಮ ಬೀದರಿನ ಕರೆಂಟಿಗೆ ಒಗ್ಗುವಂಥದು. ‘ಇದು ಅರ್ಧ ಉಣ್ಣೋದು’ ಎಂದರೆ ಅಮೆರಿಕದಿಂದ ಬಂದದ್ದು, ನಮ್ಮ ಕರೆಂಟಿನ ಅರ್ಧ ಜೋರಿಗೆ ಮಾತ್ರ ತಡೆಯುವಂಥದು. ಅರ್ಧ ಉಣ್ಣುವ ಸಾಮಾನಿನ ವೈರಿಗೆ ಅವರು ಕೆಂಪು ಚಿಂದಿಯೊಂದನ್ನು ಗಂಟು ಹಾಕುತ್ತಿದ್ದರು. ಆ ಗಂಟನ್ನು ಬಿಚ್ಚುವ ಧೈರ್ಯ ನಮ್ಮ ಆಸ್ಪತ್ರೆಯಲ್ಲಿ ಯಾರಿಗೂ ಇರಲಿಲ್ಲ.

ಅದು ಬೀದರ ಊರ ಹೊರಗೆ, ಅಷ್ಟೂರಿನ ದಾರಿಯಲ್ಲಿದ್ದ ಒಂದು ಚಿಕ್ಕ ಮಿಷನ್ ಹೆರಿಗೆ ಆಸ್ಪತ್ರೆ. ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು. ನಾನು ಕಮಠಾಣದ ಲಿಂಗವಂತರ ಮನೆಯವಳು. ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಅಣ್ಣಂದಿರ ಮನಸ್ಸಿಗೆ ವಿರುದ್ಧವಾಗಿ ನರ್ಸಿನ ಕೆಲಸ ಕಲಿಯಲು ಅಲ್ಲಿಗೆ ಬಂದಿದ್ದೆ. ರಾಹೇಲಬಾಯಿ ಭಾಲ್ಕಿಯವರು, ಅವರ ತಂದೆ ಮಿಷನ್ ಸಾಲೆಯ ಮಾಸ್ತರರಾಗಿದ್ದರು. ಮದುವೆಯಾಗದೆ ಉಳಿದ, ಎತ್ತರದ, ಸೆಟೆದು ನಡೆಯುವ ಹೆಂಗಸು. ಬಿಳಿ ಸೀರೆಯ ಕೆಳಗೆ ಗಂಡಸರ ರಬ್ಬರ್ ಬೂಟು ಹಾಕುತ್ತಿದ್ದರು. ಪೇಟೆಯ ಹುಡುಗರು ನಕ್ಕರೆ ಅವರೂ ನಗುತ್ತಿದ್ದರು. ಕರೆಂಟಿನ ಸಾಮಾನು ಮುಟ್ಟುವಾಗ ಕಾಲ ಕೆಳಗೆ ಹಸಿ ನೆಲ ಇರಬಾರದು ಎನ್ನುವುದು ಅವರ ನೇಮ. ರಬ್ಬರ್ ಬೂಟಿಲ್ಲದ ನಮಗೆ ಒಣ ಕಟ್ಟಿಗೆಯ ಮಣೆ ಕೊಡುತ್ತಿದ್ದರು. ಸೀರೆಯ ಸೆರಗಿಗೆ ಕೈ ಎರಡು ಸಲ ಒರೆಸಿಕೊಳ್ಳದೆ ಸ್ವಿಚ್ಚಿನ ಹತ್ತಿರ ಹೋದವರನ್ನು ಹೆಸರು ಹಿಡಿದು ಕರೆದು ನಿಲ್ಲಿಸುತ್ತಿದ್ದರು.

ಆಸ್ಪತ್ರೆಗೆ ಆಗಾಗ ಅಮೆರಿಕದ ಚರ್ಚಿನ ಹೆಂಗಸರು ಮರದ ಪೆಟ್ಟಿಗೆಗಳಲ್ಲಿ ಸಾಮಾನು ಕಳಿಸುತ್ತಿದ್ದರು. ಇಸ್ತ್ರಿ, ನೀರು ಕಾಯಿಸುವ ಕೆಟಲಿ, ಬೆನ್ನಿಗೆ ಕಾವು ಕೊಡುವ ಗಾದಿ, ದಿನ ತುಂಬದೆ ಹುಟ್ಟಿದ ಕೂಸುಗಳನ್ನು ಬೆಚ್ಚಗಿಡುವ ಗಾಜಿನ ಮುಚ್ಚಳದ ಪೆಟ್ಟಿಗೆ. ಕಳಿಸಿದವರಿಗೆ ಪ್ರೀತಿ ಇತ್ತು, ಆದರೆ ನಮ್ಮೂರಿನ ಕರೆಂಟು ಎಷ್ಟು ವೋಲ್ಟಿನದು ಎಂಬುದು ಅವರಿಗೆ ಗೊತ್ತಿರಲಿಲ್ಲ. ಅವರ ಪಿನ್ನುಗಳು ಚಪ್ಪಟೆ, ನಮ್ಮ ಗೋಡೆಯ ತೂತುಗಳು ದುಂಡು. ನಡುವೆ ಇಡಲು ಹೈದರಾಬಾದಿನಿಂದ ತರಿಸಿದ ಭಾರವಾದ ಕಬ್ಬಿಣದ ಪೆಟ್ಟಿಗೆಯೊಂದಿತ್ತು. ನಮ್ಮ ಕರೆಂಟಿನ ಜೋರನ್ನು ಅರ್ಧಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರ್ ಅದು. ಚಾಲೂ ಇದ್ದಾಗ ಜೇನುಹುಳದ ಹಾಗೆ ಗುಂಯ್ ಎನ್ನುತ್ತಿದ್ದುದರಿಂದ ನಾವು ಅದನ್ನು ಗುಂಯ್‌ಪೆಟ್ಟಿಗೆ ಎನ್ನುತ್ತಿದ್ದೆವು.

ನಾನು ಸೇರಿದ ಹೊಸತರಲ್ಲಿ ಡ್ರಾವರಿನಲ್ಲಿ ಒಂದು ಪುಟ್ಟ ಜೋಡುಪಿನ್ನು ಸಿಕ್ಕಿತು. ಒಂದು ಬದಿಗೆ ಚಪ್ಪಟೆ ಪಿನ್ನು ಹೋಗುವ ಸೀಳು, ಇನ್ನೊಂದು ಬದಿಗೆ ದುಂಡು ಪಿನ್ನು. ಇದೊಂದಿದ್ದರೆ ಆ ಭಾರದ ಪೆಟ್ಟಿಗೆ ಯಾಕೆ ಹೊರಬೇಕು ಎಂದು ಕೇಳಿದೆ. ರಾಹೇಲಬಾಯಿ ಅದನ್ನು ನನ್ನ ಕೈಯಿಂದ ತೆಗೆದುಕೊಂಡರು.

“ಇದು ಪಿನ್ನಿನ ಆಕಾರ ಬದಲ್ ಮಾಡ್ತದ ಗುರಮ್ಮ, ಕರೆಂಟು ಬದಲ್ ಮಾಡೂದಿಲ್ಲ. ಪೂರಾ ಉಣ್ಣೋದಕ್ಕ ಅರ್ಧ ಹಾಕಿದ್ರ ಹಸಿದು ಕೂಡ್ತದ, ಅಷ್ಟೇ. ಅರ್ಧ ಉಣ್ಣೋದಕ್ಕ ಪೂರಾ ಹಾಕಿದ್ರ ಸಾಯ್ತದ. ಸಾಯೂಮುಂದ ಮಂದಿನ್ನೂ ಕರಕೊಂಡು ಹೋಗ್ತದ.”

ಚಪ್ಪಟೆ ಪಿನ್ನು ನಮ್ಮ ಗೋಡೆಗೆ ಹೋಗದಿರುವುದು ತೊಂದರೆಯಲ್ಲ, ಅದು ಆ ಯಂತ್ರ ತಾನೇ ಹೇಳುವ ಮಾತು, ಅದರ ಬಾಯಿ ಕಟ್ಟಬಾರದು ಎಂದು ಅವರು ನನಗೆ ತಿಳಿಸಿದರು. ವೋಲ್ಟೇಜು ಎರಡು ಪಟ್ಟಾದರೆ ಕಾವು ನಾಲ್ಕು ಪಟ್ಟಾಗುತ್ತದೆ ಎಂಬ ಲೆಕ್ಕವನ್ನು ನಾನು ಎಷ್ಟೋ ವರ್ಷಗಳ ನಂತರ ಪುಸ್ತಕದಲ್ಲಿ ಓದಿದೆ. ಅವರು ಅದನ್ನು ಬೇರೆ ಬಗೆಯಲ್ಲಿ ತಿಳಿದುಕೊಂಡಿದ್ದರು.

ಆ ಕತೆಯನ್ನು ನನಗೆ ಹೇಳಿದವರು ಔರಾದಿನ ಕಾಶೀಬಾಯಿ. ರಾಹೇಲಬಾಯಿ ವರ್ಷಕ್ಕೊಮ್ಮೆ, ಸುಗ್ಗಿ ಮುಗಿದ ಮೇಲೆ, ರಜೆ ಹಾಕಿ ಔರಾದಿಗೆ ಹೋಗುತ್ತಿದ್ದರು. ಒಂದು ಸಲ ನನ್ನನ್ನೂ ಕರೆದುಕೊಂಡು ಹೋದರು. ಕಾಶೀಬಾಯಿ ದಿಂಡಾದ, ನಗುಮುಖದ ರೈತ ಹೆಂಗಸು. ಚಹಾ ಕೊಟ್ಟು, ಮಾತಿನ ನಡುವೆ ತಟ್ಟನೆ ತಿರುಗಿ ಕುಳಿತು ತನ್ನ ಬೆನ್ನು ತೋರಿಸಿದಳು. ನಡುವಿನಿಂದ ಹೆಗಲವರೆಗೆ ಚರ್ಮ ಸುಕ್ಕುಗಟ್ಟಿ, ಕೆನೆಗಟ್ಟಿದ ಹಾಲಿನ ಹಾಗೆ ಕಾಣುತ್ತಿತ್ತು. ಅವಳ ಮೊದಲ ಹೆರಿಗೆಯಾದಾಗ ಚಳಿಗಾಲ. ನಡುಗುತ್ತಿದ್ದವಳ ಬೆನ್ನಿಗೆ ಅಮೆರಿಕದ ಕಾವಿನ ಗಾದಿ ಹಾಸಿದ್ದರು. ಯಾರೋ ಅನುಕೂಲಕ್ಕೆಂದು ಅದರ ಚಪ್ಪಟೆ ಪಿನ್ನು ಕತ್ತರಿಸಿ ದುಂಡು ಪಿನ್ನು ಜೋಡಿಸಿಟ್ಟಿದ್ದರು. ಪಿನ್ನು ಸಲೀಸಾಗಿ ಗೋಡೆಯೊಳಗೆ ಹೋಯಿತು. ಅದನ್ನು ಹಾಕಿದವರು, ಆಗಿನ್ನೂ ಹೊಸ ನರ್ಸಾಗಿದ್ದ ರಾಹೇಲಬಾಯಿ. ಸುಟ್ಟ ವಾಸನೆ ಬಂದಾಗಲೇ ಎಲ್ಲರೂ ಓಡಿಬಂದದ್ದು. ಕಾಶೀಬಾಯಿ ಸೆರಗನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಸುಮ್ಮನೆ ಮಲಗಿದ್ದಳಂತೆ.

“ಇದೇ ದವಾ ಅಂತ ತಿಳಕೊಂಡಿದ್ದೆ ನೋಡ್ರಿ,” ಎಂದು ಅವಳು ನನಗೆ ಹೇಳಿದಳು. “ಪರದೇಶದ್ದು, ದೊಡ್ಡ ಮಂದಿ ತಂದದ್ದು. ಸುಡೋದೇ ಇರ್ತದೇನೋ ಅಂತ ತಡಕೊಂಡೆ.”

ಅವಳು ಬೇರೆ ಯಾರದೋ ಸುದ್ದಿ ಹೇಳುವಂತೆ ನಗುತ್ತಲೇ ಹೇಳಿದಳು. ರಾಹೇಲಬಾಯಿ ಅಂಗಳದ ಬೇವಿನ ಗಿಡದ ಕಡೆ ನೋಡುತ್ತ ಕುಳಿತಿದ್ದರು. ಅಂದು ನನಗೆ ಅವರ ಇನ್ನೊಂದು ರೂಢಿಯ ಅರ್ಥ ತಿಳಿಯಿತು. ಯಾವ ಹೆಂಗಸಿಗೆ ಯಾವ ಯಂತ್ರ ಹಚ್ಚುವಾಗಲೂ ಅವರು ಅವಳ ಮಂಚದ ಅಂಚಿಗೆ ಕುಳಿತು, ಇದು ಏನು, ಎಲ್ಲಿಂದ ಬಂತು, ಏನು ಮಾಡುತ್ತದೆ ಎಂದು ಹೇಳದೆ ಬಿಡುತ್ತಿರಲಿಲ್ಲ. ಕೊನೆಗೆ ಒಂದೇ ಮಾತು: “ಬೆಚ್ಚಗಾಗಬೇಕು, ಸುಡಬಾರದು. ಸುಟ್ರ ಒದರು. ಡಾಕ್ಟರ್ ಎದುರಿಗಿದ್ರೂ ಒದರು.”

ಪೊಲೀಸ್ ಕಾರ್ಯಾಚರಣೆಯ ವರ್ಷ ಮಳೆ ಹಿಡಿದುಕೊಂಡಿತ್ತು. ಅದಕ್ಕೂ ಮೊದಲು ಕೆಲವು ತಿಂಗಳಿಂದ ಭಾಲ್ಕಿ ಕಡೆಯ ಹಳ್ಳಿಗಳವರು ನಿಜಾಮರ ಪರ ನಿಂತ ರಜಾಕಾರರ ದಂಡಿನ ಭಯಕ್ಕೆ ಗಂಟು ಮೂಟೆ ಕಟ್ಟಿ ಸರಹದ್ದು ದಾಟುತ್ತಿದ್ದರು. ಆಮೇಲೆ ಕೆಲವು ದಿನ ತಲೆಯ ಮೇಲೆ ವಿಮಾನಗಳ ಸದ್ದು. ಮಿಲಿಟರಿ ಬಂತು, ನಿಜಾಮರ ಆಳ್ವಿಕೆ ಮುಗಿಯಿತು ಎಂದರು. ಭಯ ಮಾತ್ರ ಮುಗಿಯಲಿಲ್ಲ. ಒಂದು ಓಣಿಯಿಂದ ಎದ್ದು ಇನ್ನೊಂದು ಓಣಿಗೆ ಹೋಯಿತು. ಈಗ ಊರು ಬಿಟ್ಟು ಓಡುವ ಸರದಿ ಮುಸಲ್ಮಾನರದಾಯಿತು. ನಮ್ಮ ಆಸ್ಪತ್ರೆಯ ಮಂಚಗಳು ತುಂಬಿ, ಪಡಸಾಲೆಯಲ್ಲಿ ಚಾಪೆ ಹಾಸಿದೆವು. ಮೊದಲು ಬಂದವರ ಹಾಗೆಯೇ ಇವರನ್ನೂ ರಾಹೇಲಬಾಯಿ ಊರು ಕೇಳಲಿಲ್ಲ, ಜಾತಿ ಕೇಳಲಿಲ್ಲ. ಎಷ್ಟು ತಿಂಗಳು ಎಂದಷ್ಟೇ ಕೇಳುತ್ತಿದ್ದರು.

ಆ ದಿನಗಳಲ್ಲಿ ಪವರ್‌ಹೌಸ್ ಬಂದಾಗಿತ್ತು. ಕಂದೀಲಿನ ಬೆಳಕಿನಲ್ಲಿ ಕೆಲಸ ನಡೆಯುತ್ತಿತ್ತು. ಒಂದು ಮಧ್ಯಾಹ್ನ ತಾಡಪತ್ರಿ ಮುಚ್ಚಿದ ಬಂಡಿಯಲ್ಲಿ ಭಾಲ್ಕಿ ಹತ್ತಿರದ ಹಳ್ಳಿಯಿಂದ ಹಲೀಮಾಬೀ ಎಂಬ ಮುದುಕಿ ತನ್ನ ಸೊಸೆ ಜುಬೇದಾಳನ್ನು ಕರೆತಂದಳು. ಮಗ ಮನೆಯಿಂದ ಹೋದವನು ತಿರುಗಿ ಬಂದಿರಲಿಲ್ಲ. ಸೊಸೆಗೆ ಏಳು ತಿಂಗಳು, ಬಂಡಿಯಲ್ಲೇ ನೋವು ಹತ್ತಿತ್ತು. ಸಂಜೆಯೊಳಗೆ ಹೆಣ್ಣು ಕೂಸು ಹುಟ್ಟಿತು. ಎರಡು ಅಂಗೈ ಜೋಡಿಸಿದರೆ ಅದರಲ್ಲಿ ಹಿಡಿಸುತ್ತಿತ್ತು. ಅಳುವುದಕ್ಕೂ ಅದಕ್ಕೆ ತ್ರಾಣವಿರಲಿಲ್ಲ. ತಾಯಿಗೆ ಜ್ವರ ಏರಿತ್ತು, ಎಚ್ಚರವಿರಲಿಲ್ಲ.

ಹಲೀಮಾಬೀ ಆ ಕೆಟ್ಟ ದಾರಿಯಲ್ಲಿ ಅಷ್ಟು ದೂರ ಬಂದದ್ದು ಗಾಜಿನ ಪೆಟ್ಟಿಗೆಯನ್ನು ನಂಬಿ. ಹಿಂದೊಮ್ಮೆ ಅವಳ ತಂಗಿಯ ಮೊಮ್ಮಗ ಅದರಲ್ಲೇ ಬದುಕಿದ್ದ. ಕರೆಂಟು ಬರಲಿ, ಇಡೋಣ ಎಂದು ನಾವೂ ಹೇಳಿದೆವು. ಅಲ್ಲಿಯವರೆಗೆ ಕೂಸನ್ನು ಹತ್ತಿಯಲ್ಲಿ ಸುತ್ತಿ, ಬಿಸಿನೀರಿನ ಸೀಸೆಗಳ ನಡುವೆ ಮಲಗಿಸಿದೆವು.

ಮರುದಿನ ಬೆಳಿಗ್ಗೆ ಕರೆಂಟು ಬಂತು. ರಾಹೇಲಬಾಯಿ ಕೂಸನ್ನು ತರಲು ಬಿಡಲಿಲ್ಲ. ಮೊದಲು ಖಾಲಿ ಗಾಜಿನ ಪೆಟ್ಟಿಗೆಯನ್ನೇ ಗುಂಯ್‌ಪೆಟ್ಟಿಗೆಗೆ ಜೋಡಿಸಿ, ಪಕ್ಕದಲ್ಲಿ ನಿಂತರು. ಸ್ವಲ್ಪ ಹೊತ್ತು ಎಲ್ಲ ಸರಿಯಾಗಿತ್ತು. ಆಮೇಲೆ ಮಾಡಿನ ಬಲ್ಬು ಇದ್ದಕ್ಕಿದ್ದಂತೆ ಬೆಳ್ಳಗೆ ಉರಿಯಿತು, ಮಂಕಾಯಿತು, ಮತ್ತೆ ಉರಿಯಿತು. ಕಬ್ಬಿಣದ ಪೆಟ್ಟಿಗೆಯಿಂದ ಅರಗು ಸುಟ್ಟ ವಾಸನೆ ಬಂದು ಗುಂಯ್ ಸದ್ದು ನಿಂತುಹೋಯಿತು. ಅವರು ಪಿನ್ನು ಕಿತ್ತರು. ಅಂಥ ಕಬ್ಬಿಣದ ಪೆಟ್ಟಿಗೆ ಬೀದರಿನಲ್ಲಿ ಇನ್ನೊಂದಿರಲಿಲ್ಲ, ಹೈದರಾಬಾದಿನ ದಾರಿ ಬಂದಾಗಿತ್ತು.

ವೈರ್‌ಮನ್ ಒಬ್ಬ ಬಂದು ನೋಡಿ, ಒಳ್ಳೆಯ ಮನಸ್ಸಿನಿಂದಲೇ ಒಂದು ಉಪಾಯ ಹೇಳಿದ. ಗಾಜಿನ ಪೆಟ್ಟಿಗೆಯನ್ನು ನೇರವಾಗಿ ಗೋಡೆಗೆ ಜೋಡಿಸುತ್ತೇನೆ, ನಾನೇ ಸ್ವಿಚ್ಚಿನ ಮೇಲೆ ಬೆರಳಿಟ್ಟು ನಿಲ್ಲುತ್ತೇನೆ, ಚಣ ಹಚ್ಚಿ ಚಣ ಆರಿಸುತ್ತೇನೆ, ಅಷ್ಟು ಕಾವು ಸಾಕಲ್ಲ ಎಂದ. ನಮಗೆಲ್ಲ ಅದು ಆಗಬಹುದು ಅನ್ನಿಸಿತು. ರಾಹೇಲಬಾಯಿ ಬಹಳ ಹೊತ್ತು ಆ ಸ್ವಿಚ್ಚನ್ನೇ ನೋಡಿದರು.

“ಒಳಗ ಸುಡ್ಲಿಕತ್ತಿದ್ರ ಆ ಕೂಸಿಗೆ ಒದರಲಿಕ್ಕೆ ಬರ್ತದೇನು?” ಎಂದು ಕೇಳಿದರು. ಬೇಡ ಎಂದು ಹೇಳಿ ಅವನನ್ನು ಕಳಿಸಿಬಿಟ್ಟರು.

ಹಲೀಮಾಬೀಗೆ ಇದು ಅರ್ಥವಾಗಲಿಲ್ಲ. ತಲೆಯ ಮೇಲೆ ಬಲ್ಬು ಉರಿಯುತ್ತಿದೆ, ಕೋಣೆಯಲ್ಲಿ ಪೆಟ್ಟಿಗೆ ಇದೆ, ಮೊಮ್ಮಗಳು ತಣ್ಣಗಾಗುತ್ತಿದ್ದಾಳೆ. ನಾನು ಗುಂಯ್‌ಪೆಟ್ಟಿಗೆ ಸುಟ್ಟದ್ದನ್ನು ವಿವರಿಸಲು ಹೋದೆ. ಅವಳು ಕೇಳಿಸಿಕೊಳ್ಳಲಿಲ್ಲ. ರಾಹೇಲಬಾಯಿಯವರ ಎದುರು ಬಂದು ನಿಂತು, ಮೆಲ್ಲಗೆ ಕೇಳಿದಳು.

“ನಮ್ಮ ಕೂಸು ಅಂತ ಇಡವಲ್ಲಿರೇನು, ಬಾಯಿ?”

ಆ ದಿನಗಳಲ್ಲಿ ಆ ಪ್ರಶ್ನೆ ಕೇಳಲು ಅವಳಿಗೆ ಕಾರಣಗಳಿದ್ದವು. ರಾಹೇಲಬಾಯಿಯವರ ಮುಖ ಬಿಳಿಚಿಕೊಂಡದ್ದನ್ನು ನಾನು ಕಂಡೆ. ಅವರು ಸಿಟ್ಟಾಗಲಿಲ್ಲ, ಸಮಜಾಯಿಷಿಯನ್ನೂ ಹೇಳಲಿಲ್ಲ. ಗೋಡೆಗೆ ಒರಗಿ ಕುಳಿತು, ಕುಪ್ಪಸ ಸಡಿಲಿಸಿ, ಹತ್ತಿಯ ಸುತ್ತು ಬಿಚ್ಚಿದ ಕೂಸನ್ನು ತಮ್ಮ ಬರಿ ಎದೆಗೆ ಒತ್ತಿಕೊಂಡು ಮೇಲೆ ಸೀರೆ, ಅದರ ಮೇಲೆ ಕಂಬಳಿ ಹೊದ್ದುಕೊಂಡರು.

“ನೀನೂ ಇಲ್ಲೇ ಕೂಡು, ಅಮ್ಮಾ. ನಾ ಎದ್ದು ಹೋದ್ರ ಆಗ ಆ ಮಾತು ಕೇಳು,” ಎಂದರು.

ಬಹಳ ಹೊತ್ತು ಅವರು ಏಳಲಿಲ್ಲ. ಅವರ ಮೈ ಮರಗಟ್ಟಿದಾಗ ನಾನು ಕುಳಿತೆ. ನನ್ನ ಎದೆಯ ಮೇಲೆ ಲಿಂಗದ ಕರಡಿಗೆ ಇತ್ತು. ಅದರ ಬೆಳ್ಳಿ ಕೂಸಿಗೆ ತಣ್ಣಗೆ ತಾಗೀತೆಂದು ಶಿವದಾರವನ್ನು ಸರಿಸಿ ಹೆಗಲ ಹಿಂದಕ್ಕೆ ಹಾಕಿಕೊಂಡೆ. ಹಲೀಮಾಬೀ ಅದನ್ನು ನೋಡಿದಳು. ಕಂಬಳಿಯ ಅಂಚನ್ನು ನನ್ನ ಕೊರಳವರೆಗೆ ಎಳೆದು ಮುಚ್ಚಿದಳು. ನನ್ನ ನಂತರ ಅವಳು ಕುಳಿತಳು. ಹೀಗೆ ಮೂವರೂ ಸರದಿಯಲ್ಲಿ, ಹತ್ತಿಯ ಬತ್ತಿಯಿಂದ ಹನಿ ಹನಿ ಹಾಲು ಬಿಡುತ್ತ, ಕೂಸಿನ ಉಸಿರನ್ನು ಚರ್ಮದಿಂದಲೇ ಕೇಳುತ್ತ ದಿನಗಳನ್ನು ನೂಕಿದೆವು. ಅದರ ಉಸಿರು ಒಂದೆರಡು ಸಲ ನಿಂತೇ ಹೋಯಿತು. ರಾಹೇಲಬಾಯಿ ಅಂಗಾಲಿಗೆ ಬೆರಳಿನಿಂದ ತಟ್ಟಿ ತಟ್ಟಿ ಅದನ್ನು ಹಿಂದಕ್ಕೆ ಕರೆದರು. ಆಗಲೂ ಅವರ ದನಿ ಏರಲಿಲ್ಲ, ಕೈ ತಪ್ಪಲಿಲ್ಲ. ಇವರಿಗೆ ಭಯ ಎನ್ನುವುದು ಇಲ್ಲವೇ ಇಲ್ಲ ಎಂದು ನಾನು ನಂಬಿದ್ದು ಆವಾಗಲೇ.

ಜುಬೇದಾಳ ಜ್ವರ ಇಳಿಯಿತು. ಕೂಸು ಒಂದು ಮಧ್ಯಾಹ್ನ ತಾಯಿಯ ಮೊಲೆ ಹಿಡಿಯಿತು. ದಾರಿ ತೆರೆದ ಮೇಲೆ ಹೈದರಾಬಾದಿನಿಂದ ಜುಬೇದಾಳ ಅಣ್ಣ ಬಂದು ಮೂವರನ್ನೂ ಕರೆದುಕೊಂಡು ಹೋದ. ಗಂಡನ ಸುದ್ದಿ ಅವರು ಹೋಗುವವರೆಗೂ ಬಂದಿರಲಿಲ್ಲ, ಆಮೇಲೆ ಬಂತೋ ಇಲ್ಲವೋ ನನಗೆ ತಿಳಿಯದು. ಹೊರಡುವಾಗ ಹಲೀಮಾಬೀ ಹತ್ತಿರ ಬಂದಳು. ರಾಹೇಲಬಾಯಿಯವರ ಎರಡೂ ಕೆನ್ನೆ ಸವರಿ, ಬೆರಳುಗಳನ್ನು ತನ್ನ ಕಣತಲೆಗೆ ಒತ್ತಿ ಲಟಲಟನೆ ನೆಟಿಗೆ ಮುರಿದು ದೃಷ್ಟಿ ತೆಗೆದಳು. ಟಾಂಗಾ ಕಣ್ಮರೆಯಾದ ಮೇಲೆ ರಾಹೇಲಬಾಯಿ ಒಳಗೆ ಹೋಗಿ ಖಾಲಿ ಮಂಚದ ಚಾದರ ತೆಗೆಯತೊಡಗಿದರು.

ಕೆಲವು ವರ್ಷಗಳಲ್ಲಿ ನಾನು ಸರ್ಕಾರಿ ಕೆಲಸ ಸಿಕ್ಕು ಕಲಬುರ್ಗಿಗೆ ಹೋದೆ. ರಾಹೇಲಬಾಯಿ ನಿವೃತ್ತರಾಗಿ ಭಾಲ್ಕಿಯಲ್ಲಿ, ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ, ತಮ್ಮನ ಮನೆಯಲ್ಲಿದ್ದರು. ನಾನು ಅವರನ್ನು ಕಡೆಯ ಸಲ ನೋಡಿದ್ದು ಅಲ್ಲಿ. ಮೈ ಇಳಿದಿತ್ತು, ಕಣ್ಣು ಮಂಜಾಗಿತ್ತು. ಬಾಗಿಲ ಬಳಿ ಬಿಸಿಲಿಗೆ ಕುರ್ಚಿ ಹಾಕಿಸಿಕೊಂಡಿದ್ದರು. ಕಲಬುರ್ಗಿಯ ನಮ್ಮ ಆಸ್ಪತ್ರೆಗೆ ಹೊಸದಾಗಿ ಕೂಸಿನ ಪೆಟ್ಟಿಗೆಗಳು ಬಂದಿವೆ, ನರ್ಸಿನ ಕೆಲಸ ಕಲಿಯುವ ಹುಡುಗಿಯರಿಗೆ ನಾನೇ ಕಲಿಸುತ್ತೇನೆ, ಅವರಿಗೆ ನಿಮ್ಮ ಸುದ್ದಿಯನ್ನೂ ಹೇಳುತ್ತೇನೆ ಎಂದೆ. ಆ ದಿನ ನೀವು ಒಂದಿಷ್ಟೂ ಅಳುಕದೆ ಬೇಡ ಅಂದಿರಿ ನೋಡಿ, ಅದನ್ನು ಹೇಳುತ್ತೇನೆ ಎಂದೆ.

ಅವರು ತಲೆ ಅಲ್ಲಾಡಿಸಿದರು.

“ಹಂಗ ಹೇಳಬ್ಯಾಡ, ಗುರಮ್ಮ. ಆ ವೈರ್‌ಮನ್ ಹೇಳಿದ್ದು ಖರೇ ಇತ್ತೋ ಏನೋ. ಹಚ್ಚಿ ಆರಿಸಿ ಮಾಡಿದ್ರ ಆಗ್ತಿತ್ತೋ ಏನೋ. ನನಗ ಇವತ್ತಿಗೂ ಗೊತ್ತಿಲ್ಲ. ಕೂಸು ಸತ್ತಿತ್ತಂದ್ರ ಆ ಮುದುಕಿ ಕೇಳಿದ್ದಕ್ಕ ನನ್ನ ಹತ್ರ ಜವಾಬು ಇದ್ದಿಲ್ಲ. ಕೂಸು ನಿನ್ನ ಕೈಯಾಗ ಕೊಟ್ಟಾಗೆಲ್ಲ ನಾ ಹಿತ್ತಲಕ್ಕ ಹೋಗಿ ವಾಂತಿ ಮಾಡ್ಕೊಂಡು ಬರ್ತಿದ್ದೆ.”

ಅವರು ಹಿತ್ತಲಿಗೆ ಹೋಗುತ್ತಿದ್ದುದು ನನಗೆ ನೆನಪಿತ್ತು. ಕೈ ತೊಳೆಯಲು ಹೋಗುತ್ತಾರೆ ಎಂದುಕೊಂಡಿದ್ದೆ.

ಅವರ ತಮ್ಮನ ಹೆಂಡತಿ ಚಹಾ ತಂದರು. ಬಸ್ಸಿನ ಹೊತ್ತಾಯಿತು ಎಂದು ರಾಹೇಲಬಾಯಿಯವರೇ ನೆನಪಿಸಿದರು. ಮಳೆಗಾಲ ಕಳೆದ ಮೇಲೆ ಮತ್ತೆ ಬರುತ್ತೇನೆ ಎಂದು ಹೇಳಿ ಎದ್ದೆ. ಮಳೆಗಾಲ ಮುಗಿಯುವ ಮೊದಲೇ ಅವರು ಹೋದರು. ಸುದ್ದಿ ನನಗೆ ಮುಟ್ಟಿದಾಗ ಮಣ್ಣು ಮಾಡಿ ಆಗಿತ್ತು.

ಹುಡುಗಿಯರಿಗೆ ನಾನು ಅವರ ಸುದ್ದಿ ಹೇಳುವುದನ್ನು ಬಿಡಲಿಲ್ಲ. ಧೈರ್ಯದ ಮಾತು ಮಾತ್ರ ತೆಗೆದುಹಾಕಿದೆ. ಹೆದರಿಕೊಂಡಿದ್ದರು, ತಮ್ಮ ನಿರ್ಧಾರ ಸರಿಯೋ ತಪ್ಪೋ ಅವರಿಗೆ ಗೊತ್ತಿರಲಿಲ್ಲ, ಆದರೂ ಸರದಿ ಬಂದಾಗಲೆಲ್ಲ ಕೂಸನ್ನು ಮತ್ತೆ ಎದೆಗೆ ಒತ್ತಿಕೊಂಡರು ಎಂದು ಹೇಳುತ್ತೇನೆ.