ಸೋದರತ್ತೆಯ ಅಂಗೈಯಲ್ಲಿ ಕರಗಿದ ಸಕ್ಕರೆ

ಮಗಳಿಗೆ ನೌಕರಿ ಸಿಕ್ಕ ಪಾರ್ಟಿಯ ಫೋಟೋ ಯಾಕೆ ಹಾಕಲಿಲ್ಲ ಎಂದು ನಿಮ್ಮಲ್ಲಿ ಬಹಳ ಜನ ಕೇಳಿದಿರಿ. ಫೋಟೋ ಇದೆ, ಒಂದೇ ಒಂದು. ಅದರಲ್ಲಿ ನನ್ನ ಗಂಡನ ಅಕ್ಕ ನಗುತ್ತಿದ್ದಾಳೆ, ಮಿಕ್ಕವರೆಲ್ಲ ತಲೆ ತಗ್ಗಿಸಿ ಮೆನು ಓದುತ್ತಿದ್ದೇವೆ. ಅದಾದ ಮೇಲೆ ಫೋಟೋ ತೆಗೆಯುವ ಮನಸ್ಸು ಯಾರಿಗೂ ಉಳಿಯಲಿಲ್ಲ.

ಮಗಳು ಫಾರೆಸ್ಟ್ ಗಾರ್ಡ್ ಆಗಿದ್ದಾಳೆ. ಚಿಂಚೋಳಿ ತಾಲೂಕಿನ ಕುಂಚಾವರಂ ಕಾಡಿನಲ್ಲಿ ಡ್ಯೂಟಿ. ಎರಡು ವರ್ಷ ಸೇಡಂನ ಮೈದಾನದಲ್ಲಿ ನಸುಕಿನಲ್ಲೇ ಓಡಿ, ಮೊಣಕಾಲು ಒಡೆದುಕೊಂಡು, ಪರೀಕ್ಷೆ ಬರೆದು ಪಡೆದ ನೌಕರಿ. ಸೋಮವಾರ ಹಾಜರಾಗಬೇಕಿತ್ತು. ಶನಿವಾರ ಶಹಾಬಾದಿನಿಂದ ಗಂಡನ ಅಕ್ಕನ ಫೋನು ಬಂತು.

"ಪೋರಿ ನೌಕರಿಗಿ ಹೊಂಟಾಳ. ನಾಳಿ ಸಂಜಿಮುಂದ ಊಟ ನಂದು. ಹೊಸಾ ಹೋಟೆಲ್ ಆಗ್ಯಾದ ನಮ್ಮ ರೋಡಿಗಿ. ಮನ್ಯಾಗ ಏನೂ ಮಾಡಬ್ಯಾಡ್ರಿ."

ನನಗೆ ಅಲ್ಲೇ ಅನುಮಾನ ಬಂತು. ಆಕೆ ಮನೆಗೆ ಬಂದವರಿಗೆ ಚಹಾ ಕೇಳುವಾಗಲೇ "ಕುಡದೇ ಬಂದೀರಲ್ಲ" ಎನ್ನುವವಳು. ಅವಳ ಮಗ ವಾಡಿಯಲ್ಲಿ ಸಿಮೆಂಟ್ ಲಾರಿಗಳ ಗುತ್ತಿಗೆ ನೋಡಿಕೊಳ್ಳುತ್ತಾನೆ. ಅವನಿಗೆ ನನ್ನ ಮಗಳನ್ನು ಕೊಡಬೇಕು ಎಂದು ಮೂರು ಸಲ ಕೇಳಿದ್ದಳು. ಮಗಳು ಮೂರು ಸಲವೂ ಒಲ್ಲೆ ಎಂದಿದ್ದಳು. ನನ್ನ ಗಂಡ ಮಾತ್ರ ಒಮ್ಮೆಯೂ ಬಾಯಿ ಬಿಟ್ಟು ಇಲ್ಲ ಎಂದಿರಲಿಲ್ಲ. ಅಕ್ಕನ ಮುಂದೆ ಅವರಿಗೆ ಬರುವ ಒಂದೇ ಮಾತು, "ನೋಡಮು ತಗಿ."

ಹೋಟೆಲ್ ಚೆಂದವೇ ಇತ್ತು, ಸುಳ್ಳು ಯಾಕೆ ಹೇಳಲಿ. ನಮ್ಮ ಮನೆಯ ಅಂಗಳಕ್ಕೆ ಹಾಸುವ ಶಹಾಬಾದ್ ಕಲ್ಲನ್ನೇ ಕನ್ನಡಿಯಂತೆ ತಿಕ್ಕಿ ಗೋಡೆಗೆ ಮೆತ್ತಿದ್ದರು. ಮೇಜಿನ ಮೇಲೆ ಬಟ್ಟೆಯ ಹೂವು ಮಾಡಿ ಗ್ಲಾಸಿನೊಳಗೆ ಚುಚ್ಚಿದ್ದರು. ಎಸಿ ಎಷ್ಟು ಜೋರಾಗಿತ್ತೆಂದರೆ ನಾನು ಸೆರಗು ಹೊದ್ದು ಕೂತೆ.

ಅಲ್ಲಿ ಆಡಕಿ ಊರಿನ ಕಾಕಾನನ್ನು ಕಂಡೆ. ನನ್ನ ಗಂಡನ ಚಿಕ್ಕಪ್ಪ, ಆ ಮನೆತನದಲ್ಲಿ ಉಳಿದಿರುವ ಒಬ್ಬನೇ ಹಿರಿಯ. ಮೊಣಕಾಲು ನೋವೆಂದು ಮದುವೆಗಳಿಗೂ ಬರದ ಮನುಷ್ಯ ತಲೆಗೆ ಹೊಸ ಪಟಗ ಸುತ್ತಿ ಕೂತಿದ್ದ. ಹಿರಿಯರಿಲ್ಲದೆ ಆಗದ ಕೆಲಸ ಇಲ್ಲಿ ಏನಿದೆ ಎಂದು ನನಗೆ ಆಗಲೇ ಹೊಳೆಯಬೇಕಿತ್ತು.

ಊಟ ಶುರುವಾದದ್ದೇ ಚುಚ್ಚುಮಾತಿನಿಂದ.

"ಅಲ್ಲವ್ವಾ, ಆ ಅಡವ್ಯಾಗ ಒಬ್ಬಾಕೇ ತಿರಗ್ತೀ ಏನು? ಕರಡಿ ಬಂದ್ರ?" ಎಂದಳು ಗಂಡನ ಅಕ್ಕ, ಮಗಳ ಸೋದರತ್ತೆ.

"ಕರಡಿ ಕೇಳಿ ಬರ್ತದ ಅತ್ತಿ. ಮಂದಿನೇ ಹೇಳದೇ ಬರ್ತಾರ" ಎಂದಳು ಮಗಳು, ಸೂಪಿನಿಂದ ಕಣ್ಣೆತ್ತದೆ.

ಕಾಕಾ ಕಿಸಕ್ಕನೆ ನಕ್ಕ. ಅತ್ತೆ ನಗಲಿಲ್ಲ. ಅವಳ ಮಗ ಮೊಬೈಲಿನಲ್ಲೇ ಇದ್ದ.

"ಖಾಕಿ ಪ್ಯಾಂಟ್ ಹಾಕ್ಕೊಂಡು ನಿಂತ್ರ ಗಂಡಸರಂಗ ಕಾಣ್ತಿ ನೋಡು. ಎಷ್ಟ್ ದಿನ ಮಾಡಾಕಿ ಇದ್ದಿ? ಆರ್ ತಿಂಗಳಾ?"

"ರಿಟೈರ್ ಆಗೋ ತನಕ" ಎಂದೆ ನಾನು.

"ನಾ ಪೋರಿನ ಕೇಳ್ಲಿಕತ್ತೀನಿ."

"ನಾ ಪೋರಿ ಅವ್ವ ಹೇಳ್ಲಿಕತ್ತೀನಿ."

ನನ್ನ ಗಂಡ ರೊಟ್ಟಿಯನ್ನು ಸಣ್ಣಗೆ ಸಣ್ಣಗೆ ಹರಿಯುತ್ತ ಕೂತಿದ್ದರು. ಅದು ರೊಟ್ಟಿಯೂ ಅಲ್ಲ, ಚರ್ಮದಂತಹ ನಾನ್. ಆದರೂ ಹರಿಯುತ್ತಲೇ ಇದ್ದರು.

ಊಟ ಮುಗಿಯಿತು. ಬಿಸಿನೀರಿನಲ್ಲಿ ನಿಂಬೆಹೋಳು ಹಾಕಿದ ಬಟ್ಟಲುಗಳು ಬಂದವು, ಬೆರಳು ಅದ್ದಿಕೊಂಡೆವು. ಅತ್ತೆ ಕೈ ಒರೆಸಿಕೊಂಡು, ಮೀಸೆ ನರೆತ ಸಪ್ಲೈಯರ್‌ನನ್ನು ಕರೆದಳು.

"ಒಂದ್ ವಾಟಿ ಸಕ್ರಿ ತರ್ರಿ."

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ನಮ್ಮ ಮನೆತನಗಳಲ್ಲಿ ಮನೆಯ ಹಿರಿಯನ ಎದುರು ಗಂಡಿನ ತಾಯಿ ಹುಡುಗಿಯ ಬಾಯಿಗೆ ಸಕ್ಕರೆ ಹಾಕಿ, ಉಡಿಯಲ್ಲಿ ಕುಪ್ಪಸದ ಖಣ, ತೆಂಗಿನಕಾಯಿ ಇಟ್ಟರೆ ಸಂಬಂಧದ ಮಾತು ಮುಗಿಯಿತು. ಹುಡುಗಿ ಆಮೇಲೆ ಎಷ್ಟು ಒಲ್ಲೆ ಎಂದರೂ ಮಾತಿಗೆ ತಪ್ಪಿದವಳು ಅವಳೇ. ಸೇಡಂನಿಂದ ಚಿತ್ತಾಪುರದವರೆಗೆ ಬೇರೆ ಯಾವ ಮನೆಯವರೂ ಅವಳನ್ನು ಕೇಳಲು ಬರುವುದಿಲ್ಲ. ಮರುದಿನ ಬೆಳಿಗ್ಗೆ ಮಗಳು ಬಸ್ಸು ಹತ್ತಬೇಕಿತ್ತು. ಸಕ್ಕರೆ ಬಾಯಿಗೆ ಬಿದ್ದರೆ ಆ ಬಸ್ಸು ಹತ್ತಿಸುವವರು ಯಾರು?

ಸಪ್ಲೈಯರ್ ತಟ್ಟೆಯಲ್ಲಿ ಕಡ್ಡಿಯಂತಹ ಸಣ್ಣ ಸಣ್ಣ ಕಾಗದದ ಪೊಟ್ಟಣಗಳನ್ನು ತಂದಿಟ್ಟ.

"ಇದೇನ್ರಿ ಇದು? ಸಕ್ರಿ ಕೇಳಿದ್ರ ಬೀಡಿ ತಂದೀರಿ?"

"ಅದರಾಗೇ ಅದರಿ ಸಕ್ರಿ. ಹರೀಬೇಕು."

ಆಕೆ ಉಗುರಿನಿಂದ ಕೆರೆದಳು, ಹರಿಯಲಿಲ್ಲ. ಹಲ್ಲಿನಿಂದ ಕಚ್ಚಿದಳು. ಅರ್ಧ ಸಕ್ಕರೆ ಸೀರೆಯ ಮೇಲೆ ಚೆಲ್ಲಿತು. ಎರಡು, ಮೂರು, ನಾಲ್ಕು ಪೊಟ್ಟಣ ಹರಿದು ಅಂಗೈಯಲ್ಲಿ ಒಂದು ಹಿಡಿಯಷ್ಟು ಮಾಡಿಕೊಂಡಳು. ಆಮೇಲೆ ಎದ್ದು ಮಗಳ ಕುರ್ಚಿಯ ಹತ್ತಿರ ಬಂದು ನಿಂತಳು.

"ಕಾಕಾ, ನೀವೇ ಸಾಕ್ಷಿ. ಬಾಯಿ ತೆರಿಯವ್ವಾ."

ಮಗಳು ತುಟಿ ಬಿಗಿದಳು. ಒಲ್ಲೆ ಎನ್ನಬೇಕೆಂದರೂ ಬಾಯಿ ತೆರೆಯಬೇಕು, ತೆರೆದರೆ ಸಕ್ಕರೆ ಒಳಗೆ. ಅದು ಅವಳಿಗೆ ಗೊತ್ತಿತ್ತು. ತಲೆ ಮಾತ್ರ ಅಡ್ಡಡ್ಡ ಆಡಿಸಿದಳು.

"ನಾಚಗೊಳ್ಳಿಕತ್ತಾಳ" ಎಂದಳು ಅತ್ತೆ, ಕಾಕಾನ ಕಡೆ ತಿರುಗಿ. ತಮ್ಮನಿಗೆ ಹೇಳಿದಳು, "ನೀ ಏನ್ ಕುಂತಿ? ಡಿಕ್ಕ್ಯಾಗಿಂದು ತಾ ಹೋಗು."

ನನ್ನ ಗಂಡ ಅರ್ಧ ಎದ್ದರು.

ಡಿಕ್ಕಿ ನಮ್ಮ ಕಾರಿನದು. ಅದರೊಳಗೆ ಏನಿದೆ ಎಂದು ಅವರಿಗೆ ಗೊತ್ತಿದೆ. ಇಪ್ಪತ್ತಾರು ವರ್ಷ ಸಂಸಾರ ಮಾಡಿದ್ದೇನೆ, ಆ ಮನುಷ್ಯ ಅಷ್ಟು ಅಪರಿಚಿತನಾಗಿ ಯಾವತ್ತೂ ಕಂಡಿರಲಿಲ್ಲ.

"ಕುಂದ್ರಿ" ಎಂದೆ.

ಅವರು ಕೂತರು.

ಅತ್ತೆಯ ಕೈ ಮಗಳ ತುಟಿಯ ಹತ್ತಿರವೇ ಇತ್ತು. ಪಕ್ಕದ ಮೇಜಿನವರು ಚಮಚ ಕೆಳಗಿಟ್ಟು ನೋಡುತ್ತಿದ್ದರು. ಅಷ್ಟು ಎಸಿಯಲ್ಲೂ ಅವಳ ಅಂಗೈ ಬೆವೆತಿತ್ತು. ಸಕ್ಕರೆ ಒದ್ದೆಯಾಗಿ ಬೆರಳ ಸಂದಿಗೆ ಅಂಟತೊಡಗಿತು.

"ಕೈ ಇಳಸ್ರಿ ಅಕ್ಕಾ."

"ನಮ್ಮ ಮನಿತನದ ಪೋರಿ. ನಡುವ ಬರಾಕಿ ನೀ ಯಾರು?"

"ಹಡದಾಕಿ."

"ನನ್ನ ಮಗಗ ಏನ್ ಕಮ್ಮಿ ಅದ?"

"ಅಂವಗೇ ಕೇಳ್ರಿ. ಬಂದಾಗಿಂದ ಇಕಿ ಮಾರಿ ಒಮ್ಮಿ ನೋಡ್ಯಾನೇನು?"

ಹುಡುಗ ಆಗ ಮೊಬೈಲಿನಿಂದ ತಲೆ ಎತ್ತಿದ. ತಾಯಿಯನ್ನು ನೋಡಿದ, ನನ್ನ ಮಗಳನ್ನು ನೋಡಲಿಲ್ಲ. ಮತ್ತೆ ತಗ್ಗಿದ.

ನನ್ನ ಮುಂದಿದ್ದ ನಿಂಬೆನೀರಿನ ಬಟ್ಟಲನ್ನು ಎತ್ತಿ ಅವಳ ಕೈಯ ಕೆಳಗೆ ಹಿಡಿದೆ.

"ಕೈ ಅಂಟಾಗ್ಯಾದ. ತೊಳಕೋರಿ."

ಅವಳು ಕಾಕಾನ ಮುಖ ನೋಡಿದಳು. ಕಾಕಾ ಪಟಗ ಸರಿಪಡಿಸಿಕೊಂಡ. "ಪೋರಿ ಬಾಯಿ ತೆರಿಲಿಲ್ಲ" ಎಂದ. "ನಾ ಏನಂತ ಸಾಕ್ಷಿ ಹೇಳ್ಲಿ? ತೊಳಕೋ."

ಬೇರೆ ದಾರಿ ಇರಲಿಲ್ಲ. ಆ ಅಂಟು ಕೈಯನ್ನು ಸೀರೆಗೆ ಒರೆಸುವ ಹಾಗಿರಲಿಲ್ಲ, ರೇಷ್ಮೆ ಸೀರೆ. ಬಟ್ಟಲಿಗೆ ಕೈ ಹಾಕಿದಳು. ಸಕ್ಕರೆ ನಿಂಬೆಹೋಳಿನ ಸುತ್ತ ಒಂದು ಸುತ್ತು ತಿರುಗಿ ಕಾಣದಾಯಿತು. ನನ್ನ ಮಗಳು ಆಗ ಬಾಯಿ ತೆರೆದು ಉಸಿರುಬಿಟ್ಟಳು.

ನನಗೆ ಗಂಡನ ಅಕ್ಕನ ಮೇಲೆ ಕರುಣೆ ಬಂತೇ ಎಂದು ಕೇಳುತ್ತೀರಿ. ಬರಲಿಲ್ಲ. ಇನ್ನೂ ಬಂದಿಲ್ಲ.

ಹೊರಗೆ ಬಂದು ಡಿಕ್ಕಿ ತೆರೆಸಿದೆ. ಹಸಿರು ಖಣದಲ್ಲಿ ಸುತ್ತಿದ ತೆಂಗಿನಕಾಯಿ ಸ್ಟೆಪ್ನಿಯ ಪಕ್ಕದಲ್ಲಿತ್ತು.

"ಅಕ್ಕ ಮುಂಜಾನಿ ಮಂದಿ ಕೂಡ ಕಳಸಿದ್ಳು" ಎಂದರು ಗಂಡ. "ಒಲ್ಲೆ ಅಂದ್ರ ಆಕಿ ಅಳ್ತಾಳ."

"ಮಗಳು ಅತ್ರ ನಡೀತದೇನು?"

ಅವರು ಡಿಕ್ಕಿ ಮುಚ್ಚಿ ಸೇಡಂ ಕಡೆಗೆ ಕಾರು ತಿರುಗಿಸಿದರು.

ಸೋಮವಾರ ಬೆಳಿಗ್ಗೆ ಆ ಕಾಯಿಯನ್ನು ಅವರ ಕೈಗೇ ಕೊಟ್ಟು "ಒಡೀರಿ" ಎಂದೆ. ಒಡೆದರು. ನನ್ನ ಮುಖ ನೋಡಲಿಲ್ಲ. ತುರಿದು, ಬೆಲ್ಲ ಹಾಕಿ ಕರಿಗಡಬು ಮಾಡಿ, ಡಬ್ಬಿಯನ್ನು ಅದೇ ಹಸಿರು ಖಣದಲ್ಲಿ ಕಟ್ಟಿ ಮಗಳಿಗೆ ಕೊಟ್ಟೆ. ಅವಳು ಚಿಂಚೋಳಿ ಬಸ್ಸಿನ ಕಿಟಕಿಯಲ್ಲಿ ಕೂತು ಒಂದನ್ನು ಅಲ್ಲೇ ತಿಂದಳು.

ಗುರುವಾರ ಗಂಡ ಫೋನು ಕೆಳಗಿಟ್ಟು ಅಡುಗೆಮನೆಯ ಬಾಗಿಲಲ್ಲಿ ನಿಂತರು.

"ಅಕ್ಕ ಆ ಖಣ ತಿರಗಿ ಕಳಸು ಅಂತಾಳ."

"ಕುಂಚಾವರಂದಾಗ ಅದ" ಎಂದೆ. "ಬೇಕಾದ್ರ ಅಡವಿಗಿ ಹೋಗಿ ಕೇಳಂತ ಹೇಳ್ರಿ."