ಹಳೆಯ ವೈನಿಗೆ ಹೊಸ ಬಿರಡೆ ಹಾಕುವ ಸೊಲಾಂಜ್

ಫ್ರೊನ್ಸಾಕ್ ಗುಡ್ಡದ ದ್ರಾಕ್ಷಿತೋಟಗಳ ಮೇಲೆ ಇನ್ನೂ ಬೆಳಕು ಹರಿದಿಲ್ಲ. ಹೊಳೆಯ ಕಡೆಯಿಂದ ಮಂಜು ಏರಿ ಬರುತ್ತಿದೆ. ಅನ್ಸೆಲ್ಮ್ ಕಾಸ್ತೆರಾ ಅವರ ಮನೆಯ ನೆಲಮಾಳಿಗೆಯಲ್ಲಿ ಒಂದು ಮೇಣದಬತ್ತಿ ಉರಿಯುತ್ತಿದೆ. ಅದರ ಮುಂದೆ ಸೀಸೆಯೊಂದನ್ನು ಹಿಡಿದು, ಒಂದು ಕಣ್ಣು ಮುಚ್ಚಿ, ಗಾಜಿನ ಆಚೆಗೆ ಇಣುಕುತ್ತಿರುವವರು ಸೊಲಾಂಜ್ ಲಬಾರ್ತ್. ವಯಸ್ಸು ಅರವತ್ತಾರು. ಮಾಸಿದ ನೀಲಿ ಮೇಲಂಗಿ, ಗಂಡಸರ ಬೂಟು, ತಲೆಗೆ ಬಿಗಿದ ಚೌಕ. ಎದ್ದಾಗಿನಿಂದ ಬಾಯಿಗೆ ಹೋಗಿರುವುದು ಒಂದು ಚೂರು ಒಣ ಬ್ರೆಡ್ಡು ಮತ್ತು ಒಂದು ಲೋಟ ನೀರು.

"ಕಾಫಿ ಕುಡಿದ್ರೆ ಮಧ್ಯಾಹ್ನದ ತನಕ ನಾಲಿಗೆ ಸುಳ್ಳು ಹೇಳುತ್ತೆ," ಎನ್ನುತ್ತಾರೆ ಸೊಲಾಂಜ್. "ಅದಕ್ಕೇ ಕೋಳಿ ಕೂಗೋ ಹೊತ್ತಿಗೆ ಬಂದು ಜನರ ನಿದ್ದೆ ಕೆಡಿಸ್ತೀನಿ. ಬೈಕೊಳ್ತಾರೆ. ಬೈಕೊಳ್ಳಲಿ."

ಈ ಸೀಮೆಯ ಕೆಂಪು ವೈನಿಗೆ ಆಯಸ್ಸು ಗಟ್ಟಿ. ಅದರ ಬಾಯಿಗೆ ಜಡಿದ ಬಿರಡೆಗೆ ಅಷ್ಟು ಆಯಸ್ಸಿಲ್ಲ. ಇಪ್ಪತ್ತೈದು ಮೂವತ್ತು ವರ್ಷಕ್ಕೆ ಅದು ಕುಗ್ಗಿ ಸಡಿಲವಾಗುತ್ತದೆ. ವೈನು ಸೀಸೆಯ ಕತ್ತಿನಿಂದ ಭುಜಕ್ಕೆ ಇಳಿಯುತ್ತದೆ, ಖಾಲಿಯಾದ ಜಾಗಕ್ಕೆ ಗಾಳಿ ಬಂದು ಕೂರುತ್ತದೆ. ಅಷ್ಟರೊಳಗೆ ಯಾರಾದರೂ ಹಳೆಯ ಬಿರಡೆ ಕಿತ್ತು, ಮೂಸಿ, ಚಮಚದಷ್ಟು ರುಚಿ ನೋಡಿ, ಒಳಗಿನದು ಬದುಕಿದೆಯೋ ಇಲ್ಲವೋ ಹೇಳಬೇಕು. ಬದುಕಿದ್ದರೆ ಅದೇ ವರ್ಷದ ಇನ್ನೊಂದು ಸೀಸೆಯಿಂದ ಬಾಯಿತನಕ ತುಂಬಿ ಹೊಸ ಬಿರಡೆ ಹಾಕಬೇಕು. ಹಾಗೆ ತುಂಬಿಸಲು ಚೆನ್ನಾಗಿರುವ ಒಂದು ಸೀಸೆ ಬಲಿಯಾಗಲೇಬೇಕು. ದೊಡ್ಡ ಎಸ್ಟೇಟುಗಳಿಗೆ ಇದಕ್ಕೆಲ್ಲ ತಮ್ಮದೇ ಜನ ಇದ್ದಾರೆ. ನಾಲ್ಕು ಸಾಲು ಬಳ್ಳಿ ಇಟ್ಟುಕೊಂಡ ಸಣ್ಣ ಮನೆಗಳಿಗೆ ಇರುವುದು ಸೊಲಾಂಜ್, ಅವರ ಬಿಳಿ ವ್ಯಾನು ಮತ್ತು ಸನ್ನೆಗೋಲಿನ ಹಳೆಯ ಬಿರಡೆಯಂತ್ರ.

ಊರಲ್ಲಿ ಅವರನ್ನು ಸೀಸೆ ಡಾಕ್ಟ್ರಮ್ಮ ಎಂದು ಕರೆಯುವುದುಂಟು. ಎದುರಿಗೆ ಹಾಗೆನ್ನುವ ಧೈರ್ಯ ಇರುವುದು ಕಾಸ್ತೆರಾ ಅವರ ಪಕ್ಕದ ಮನೆಯ ಮಾರಿನೆತ್‌ಗೆ ಮಾತ್ರ. "ಡಾಕ್ಟ್ರಮ್ಮನ ಕಾಯಿಲೆ ಏನು ಗೊತ್ತಾ? ಮೂಗು," ಎಂದು ಮಾರಿನೆತ್ ನಗುತ್ತಾರೆ. "ನಮ್ಮನೆ ಬಾಗಿಲಲ್ಲಿ ನಿಂತ್ಕೊಂಡೇ, ಸೂಪಿಗೆ ಬೆಳ್ಳುಳ್ಳಿ ಸೀದಿದೆ ಅಂದುಬಿಟ್ಲು. ಸೀದಿತ್ತು ಅನ್ನಿ. ಆದ್ರೂ ಹೇಳ್ಬಹುದಾ ಹಂಗೆ?"

ಆ ಮೂಗನ್ನು ಮೊದಲು ಗುರುತಿಸಿದ್ದು ಒಂದು ನೆಗಡಿ. ಸೊಲಾಂಜ್ ಹದಿನಾರರ ವಯಸ್ಸಿಗೆ ತಾಯಿಯ ಹಿಂದೆ ಒಂದು ಎಸ್ಟೇಟಿನ ಕೆಲಸಕ್ಕೆ ಸೇರಿದವರು. ತಾಯಿ ಸೀಸೆ ತೊಳೆಯುತ್ತಿದ್ದರು, ಮಗಳು ಚೀಟಿ ಅಂಟಿಸುತ್ತಿದ್ದಳು. ಪೀಪಾಯಿಗಳಿದ್ದ ನೆಲಮಾಳಿಗೆಗೆ ಹೆಂಗಸರು ಕಾಲಿಡುವಂತಿರಲಿಲ್ಲ. ಹೆಂಗಸಿನ ಗಾಳಿ ಸೋಕಿದರೆ ವೈನು ಹುಳಿಯಾಗುತ್ತದೆ ಎಂಬ ನಂಬಿಕೆ. ತಿಂಗಳ ಆ ದಿನಗಳಲ್ಲಂತೂ ಬಾಗಿಲ ಮುಂದೆ ಹಾದರೂ ಗದರಿಕೆ. ಒಂದು ಚಳಿಗಾಲ ನೆಲಮಾಳಿಗೆಯ ಮೇಸ್ತ್ರಿ ಗ್ರಾಸ್ಯಾಂ ಅವರಿಗೆ ಮೂಗು ಕಟ್ಟಿತು. ವಾರ ಕಳೆದರೂ ಬಿಡಲಿಲ್ಲ. ಯಜಮಾನರಿಗೆ ಹೇಳಿದರೆ ಕೆಲಸಕ್ಕೆ ಕುತ್ತು.

"ಒಂದಿನ ಹಿಂದಿನ ಬಾಗಿಲಿಂದ ನನ್ನನ್ನ ಕರೆದ್ರು," ಎಂದು ಸೊಲಾಂಜ್ ನೆನೆಯುತ್ತಾರೆ. "ಒಂದು ಲೋಟ ಮುಂದೆ ಹಿಡಿದು, ಮೂಸು ಹುಡುಗಿ, ಏನು ವಾಸನೆ ಹೇಳು ಅಂದ್ರು. ನೆಲ ಒರೆಸಿದ ಬಟ್ಟೆ ಥರ ಇದೆ ಅಂದೆ. ಇನ್ನೊಂದು ಲೋಟ ಕೊಟ್ಟು, ಇದು? ಅಂದ್ರು. ನಮ್ಮಜ್ಜಿ ಪೆಟ್ಟಿಗೆ ಥರ, ಒಳಗೆ ಒಣಗಿದ ಹಣ್ಣು ಇಟ್ಟಂಗೆ ಅಂದೆ. ಅಷ್ಟಕ್ಕೇ ಅವರ ಕಣ್ಣಲ್ಲಿ ನೀರು. ನಂಗೆ ಭಯ ಆಯ್ತು, ಏನೋ ತಪ್ಪು ಹೇಳಿದೀನಿ ಅಂತ. ಆಮೇಲೆ ನೆಗಡಿ ವಾಸಿಯಾಯ್ತು, ಹಿಂದಿನ ಬಾಗಿಲು ಮಾತ್ರ ಮುಚ್ಚಲಿಲ್ಲ."

ಮೇಸ್ತ್ರಿ ಕಲಿಸಿದ್ದನ್ನೆಲ್ಲ ಅವರು ಇಂದಿಗೂ ಹಾಗೇ ಮಾಡುತ್ತಾರೆ. ಹಳೆಯ ವೈನನ್ನು ಲೋಟದಲ್ಲಿ ಗಿರಗಿರ ತಿರುಗಿಸುವುದಿಲ್ಲ. "ಮುದುಕರನ್ನ ಹಿಡಿದು ಅಲ್ಲಾಡಿಸ್ತೀವಾ?" ಎಂದು ಕೇಳುತ್ತಾರೆ. ಬಿಳಿ ಬಟ್ಟೆಯ ಮೇಲೆ ಲೋಟ ಓರೆ ಮಾಡಿ ಅಂಚು ನೋಡುತ್ತಾರೆ. ಎಳೆಯ ವೈನಿನ ಅಂಚು ನೇರಳೆ ಬಣ್ಣ, ಮಾಗಿದ್ದರದು ಹಂಚಿನ ಬಣ್ಣ. ಮೂಸಿ ಸುಮ್ಮನಿರುತ್ತಾರೆ, ಮತ್ತೆ ಮೂಸುತ್ತಾರೆ. ಐವತ್ತು ವರ್ಷ ಮುಚ್ಚಿಟ್ಟ ವೈನು ಮೊದಲು ಬೀರುವುದು ಬೂಸಲು ವಾಸನೆಯೇ. ಸ್ವಲ್ಪ ಕಾದರೆ ಆ ಬೂಸಲು ಸರಿದು ಮಳೆ ನಿಂತ ಕಾಡಿನ ಎಲೆ, ಅಣಬೆ, ಹಳೇ ಚರ್ಮದ ಚೀಲ, ಕಪ್ಪು ಒಣಹಣ್ಣು ಒಂದೊಂದಾಗಿ ಮೇಲೆ ಬರುತ್ತವೆ. ಬಂದಷ್ಟೇ ಬೇಗ ಹೋಗಿಯೂ ಬಿಡುತ್ತವೆ. ಆ ನಡುವಿನ ಸ್ವಲ್ಪ ಹೊತ್ತಿಗಾಗಿ ಜನ ಅಷ್ಟು ವರ್ಷ ಕಾಯುತ್ತಾರೆ.

ಎಸ್ಟೇಟು ಕೈ ಬದಲಾದಾಗ ಹಳಬರನ್ನು ಮನೆಗೆ ಕಳಿಸಿದರು. ಆಗ ಸೊಲಾಂಜ್ ಗುಜರಿಗೆ ಹೋಗುತ್ತಿದ್ದ ಬಿರಡೆಯಂತ್ರವನ್ನು ಕೇಳಿ ಪಡೆದುಕೊಂಡು ಮನೆ ಮನೆ ತಿರುಗಲು ಶುರು ಮಾಡಿದರು. ಸನ್ನೆ ಎಳೆದೂ ಎಳೆದೂ ಬಲಭುಜ ಇಳಿದಿದೆ. ಚಳಿಗಾಲದಲ್ಲಿ ಮಂಡಿ ಕೂಗುತ್ತದೆ. ಅದಕ್ಕಿಂತ ಅವರನ್ನು ನೋಯಿಸುವುದು ಮನೆಗಳು ಕಡಿಮೆಯಾಗುತ್ತಿರುವುದು. ಗುಡ್ಡದ ಈ ಮಗ್ಗುಲಲ್ಲಿ ತೋಟಕ್ಕೆ ತೋಟವೇ ಬಳ್ಳಿ ಕಿತ್ತು ಬೇರುಗಳ ರಾಶಿಗೆ ಬೆಂಕಿ ಇಟ್ಟಿದ್ದಾರೆ. ಕುಡಿಯುವವರೇ ಇಲ್ಲದ ಮೇಲೆ ಬೆಳೆದು ಏನು ಮಾಡುವುದು?

"ಮೊದಲೆಲ್ಲ ಶನಿವಾರ ಯಾವ ಮನೆಗೆ ಹೋದ್ರೂ ನೆಲಮಾಳಿಗೆ ಮೆಟ್ಟಿಲ ಕೊನೇಲಿ ಒಂದು ಸೀಸೆ ನಿಂತಿರೋದು," ಎನ್ನುತ್ತಾರೆ. "ಅದನ್ನ ನೋಡಿದ್ರೇ ಗೊತ್ತಾಗೋದು, ಭಾನುವಾರ ನೆಂಟರು ಬರ್ತಾರೆ ಅಂತ. ಮಲಗಿದ್ದ ವೈನನ್ನ ಮುಂಚಿತವಾಗಿ ನಿಲ್ಲಿಸಿದ್ರೆ ಗಷ್ಟೆಲ್ಲ ತಳಕ್ಕೆ ಇಳಿಯುತ್ತೆ. ಈಗ ಯಾರ ಮೆಟ್ಟಿಲಲ್ಲೂ ಕಾಣಲ್ಲ. ಮರೆತೇ ಹೋಗಿದೆ."

ಅನ್ಸೆಲ್ಮ್ ಕಾಸ್ತೆರಾ ಅವರ ಮನೆಯಲ್ಲಿ ಮರೆತಿಲ್ಲ. ಇಂದು ಸೊಲಾಂಜ್ ಮೇಣದಬತ್ತಿ ಹಿಡಿದು ಕೂತಿರುವುದೇ ಅದಕ್ಕೆ. ಗೋಡೆಯ ಗೂಡಿನ ಪಕ್ಕದ ಕಲ್ಲು ಹಲಗೆಯ ಮೇಲೆ ಎಪ್ಪತ್ತರ ಇಸವಿಯ ಆರು ಸೀಸೆಗಳು ನಿಂತಿವೆ. ಅನ್ಸೆಲ್ಮ್ ಮತ್ತು ಒದೀಲ್ ಮದುವೆಯಾದ ವರ್ಷದ ಸುಗ್ಗಿ ಅದು, ಮನೆಯ ಹಿಂದಿನ ತೋಟದ್ದೇ. ಮದುವೆಗೆ ಐವತ್ತು ತುಂಬುವ ಊಟಕ್ಕೆಂದು ಅನ್ಸೆಲ್ಮ್ ಅವನ್ನು ಎತ್ತಿ ನಿಲ್ಲಿಸಿದರು. ಊಟಕ್ಕೆ ಮೂರು ದಿನ ಇರುವಾಗ ಒದೀಲ್ ತೀರಿಕೊಂಡರು. ಅದಾಗಿ ನಾಲ್ಕು ಚಳಿಗಾಲ ಕಳೆದಿವೆ. ಸೀಸೆಗಳನ್ನು ಮತ್ತೆ ಮಲಗಿಸಲು ಅವರಿಗೆ ಕೈ ಬರಲಿಲ್ಲ. ಮಲಗಿಸಿದರೆ ಊಟ ಇಲ್ಲ ಎಂದು ಒಪ್ಪಿಕೊಂಡ ಹಾಗೆ.

ಮಲಗಿದ ಸೀಸೆಯಲ್ಲಿ ವೈನು ಬಿರಡೆಯನ್ನು ಒದ್ದೆಯಾಗಿಡುತ್ತದೆ. ನಿಂತರೆ ಒಣಗುತ್ತದೆ. ಹುಟ್ಟಿದಾಗಿನಿಂದ ವೈನಿನ ನಡುವೆಯೇ ಬೆಳೆದ ಅನ್ಸೆಲ್ಮ್‌ಗೆ ಇದು ಗೊತ್ತಿಲ್ಲವೆಂದಲ್ಲ. ಅಪ್ಪನನ್ನು ನೋಡಲು ಬಂದ ಮಗಳು ಕ್ಲೋದೀನ್, ವೈನು ಭುಜಕ್ಕಿಂತ ಕೆಳಗಿಳಿದಿರುವುದನ್ನು ಕಂಡು ಸೊಲಾಂಜ್‌ಗೆ ಫೋನ್ ಮಾಡಿದಳು. ಎಪ್ಪತ್ತೆಂಟರ ಅನ್ಸೆಲ್ಮ್ ಈಗ ಕೆಳಗಿನ ಮೆಟ್ಟಿಲ ಮೇಲೆ ಕುಳಿತಿದ್ದಾರೆ, ಟೋಪಿ ಮಂಡಿಯ ಮೇಲೆ.

"ಹೊಸ ಬಿರಡೆ ಹಾಕು, ಮಲಗಿಸು, ಅಷ್ಟೇ," ಎನ್ನುತ್ತಾರೆ. "ರುಚಿಗಿಚಿ ಎಲ್ಲ ಬೇಡ."

"ರುಚಿ ನೋಡದೆ ಬಿರಡೆ ಹಾಕಲ್ಲ, ಮಸ್ಯೂ ಅನ್ಸೆಲ್ಮ್. ಬೇಕಿದ್ರೆ ಬೇರೆಯವರನ್ನ ಕರೆಸ್ಕೊಳ್ಳಿ."

"ಬೇರೆಯವರು ಎಲ್ಲಿದಾರೆ?"

"ಹಂಗಾದ್ರೆ ಸುಮ್ಮನಿರಿ."

ಮೊದಲ ಬಿರಡೆ ಮುಟ್ಟಿದ ಕೂಡಲೇ ಪುಡಿಯಾಗಿ ಒಳಗೆ ಬೀಳುತ್ತದೆ. ಮೂಸುವ ಅಗತ್ಯವೇ ಇಲ್ಲ, ವಿನೆಗರ್ ವಾಸನೆ ಮೆಟ್ಟಿಲ ತನಕ ಬರುತ್ತದೆ. ಎರಡನೆಯದೂ ಹಾಗೇ. ಮೂರನೆಯದರ ಬಣ್ಣ ಚಹಾದಂತೆ ಸಪ್ಪಗಾಗಿದೆ. ನಾಲ್ಕನೆಯದನ್ನು ಬಾಯಿಗೆ ಹಾಕಿ, ಬಕೆಟ್ಟಿಗೆ ಉಗಿದು, ಸೊಲಾಂಜ್ ಅದನ್ನೂ ಸತ್ತವುಗಳ ಪಕ್ಕಕ್ಕಿಡುತ್ತಾರೆ. ಅನ್ಸೆಲ್ಮ್ ನೆಲ ನೋಡುತ್ತಾರೆ.

ಐದನೆಯ ಸೀಸೆಗೆ ಸೊಲಾಂಜ್ ಬಿರಡೆ ಕೀಳುವ ತಿರುಪು ಹಾಕುವುದಿಲ್ಲ. ಎರಡು ತೆಳು ಅಲಗುಗಳ ಚಿಮಟವನ್ನು ಬಿರಡೆಯ ಅಕ್ಕಪಕ್ಕ ಇಳಿಸಿ ನಿಧಾನ ತಿರುಗಿಸುತ್ತಾರೆ. ಬಿರಡೆ ಇಡಿಯಾಗಿ ಬರುತ್ತದೆ. ಲೋಟಕ್ಕೆ ತುಸು ಬಗ್ಗಿಸಿ, ಮೂಸಿ, ಕಾಯುತ್ತಾರೆ. ಮತ್ತೆ ಮೂಸುತ್ತಾರೆ. ಬಾಯಿಗೆ ಹಾಕುತ್ತಾರೆ. ಈ ಸಲ ಉಗಿಯುವುದಿಲ್ಲ.

"ಇದೆ," ಎನ್ನುತ್ತಾರೆ ಮೆಲ್ಲಗೆ. "ಬದುಕಿದೆ."

ಅನ್ಸೆಲ್ಮ್ ಎದ್ದು ನಿಲ್ಲುತ್ತಾರೆ. ಇನ್ನು ಎಲ್ಲವೂ ಆರನೆಯದರ ಮೇಲೆ. ಅದೂ ಚೆನ್ನಾಗಿದ್ದರೆ ಅದರಿಂದ ಇದನ್ನು ತುಂಬಿಸಿ, ಬಿರಡೆ ಹಾಕಿ, ಒದೀಲ್‌ಳ ವರ್ಷದ ಒಂದು ಸೀಸೆಯನ್ನಾದರೂ ಉಳಿಸಿಕೊಳ್ಳಬಹುದು. ಆರನೆಯದರ ಬಣ್ಣ ಚೆನ್ನಾಗಿದೆ. ಮೊದಲ ಸಲ ಮೂಸಿದಾಗ ಹಣ್ಣಿನ ಪರಿಮಳವೂ ಇದೆ. ಸೊಲಾಂಜ್ ಲೋಟ ಕೆಳಗಿಟ್ಟು ಕಾಯುತ್ತಾರೆ, ಮತ್ತೆ ಎತ್ತುತ್ತಾರೆ. ಮುಖ ಗಂಟಾಗುತ್ತದೆ.

"ಒದ್ದೆ ರಟ್ಟಿನ ವಾಸನೆ. ಬಿರಡೆ ರೋಗ ಹತ್ತಿದೆ."

"ನನಗೇನೂ ಬರ್ತಿಲ್ಲ!"

"ಇನ್ನೊಂದು ಗಳಿಗೆಗೆ ಬರುತ್ತೆ."

"ಸ್ವಲ್ಪ ತಾನೇ ಬೇಕಾಗಿರೋದು? ನಾಲ್ಕು ಬೆರಳಷ್ಟು. ಹಾಕಿಬಿಡು ತಾಯಿ."

"ಇದನ್ನ ಒಂದು ಚಮಚ ಹಾಕಿದ್ರೂ ಅದೂ ಸತ್ತುಹೋಗುತ್ತೆ. ನನ್ನ ಕೈಯಿಂದ ಆಗಲ್ಲ."

"ಹಂಗಾದ್ರೆ ತುಂಬಿಸದೆ ಬಿರಡೆ ಜಡಿ! ನಿನ್ನನ್ನ ಕರೆಸಿದ್ದು ಬಿರಡೆ ಹಾಕೋಕೆ, ಪುರಾಣ ಹೇಳೋಕಲ್ಲ."

ಸೊಲಾಂಜ್ ಕೋಪಿಸಿಕೊಳ್ಳುವುದಿಲ್ಲ. ಇಂದು ಇದಕ್ಕೆ ಕೆಲಸವಿಲ್ಲ ಎನ್ನುವಂತೆ ಯಂತ್ರದ ಸನ್ನೆಯನ್ನು ಮೇಲೆತ್ತಿ ಕೊಂಡಿ ಹಾಕುತ್ತಾರೆ. "ಮಸ್ಯೂ ಅನ್ಸೆಲ್ಮ್, ಒಳಗೆ ಅಷ್ಟು ಗಾಳಿ ಇಟ್ಟು ಮುಚ್ಚಿದ್ರೆ ಕ್ರಿಸ್‌ಮಸ್ ಹೊತ್ತಿಗೆ ಇದೂ ವಿನೆಗರ್. ಈಗ ಇದರಲ್ಲಿ ಒಂದು ಗಂಟೆ ಜೀವ ಇದೆ. ಜಾಸ್ತಿ ಇಲ್ಲ. ಲೋಟ ಎಲ್ಲಿದೆ?"

ಅನ್ಸೆಲ್ಮ್ ಮೆಟ್ಟಿಲ ಕಡೆ ತಿರುಗುತ್ತಾರೆ. ಬೇಡ ಎಂದು ಅವರು ಮೇಲೆ ಹತ್ತಿ ಹೋಗಿದ್ದರೆ ಸೊಲಾಂಜ್ ತಡೆಯುತ್ತಿರಲಿಲ್ಲ. ಅವರು ಹತ್ತಿ ಹೋಗುತ್ತಾರೆ, ಆದರೆ ಮೇಲಿನಿಂದ ಊಟದ ಕೋಣೆಯ ಬಾಗಿಲು ತೆಗೆದ ಸದ್ದು ಕೇಳುತ್ತದೆ. ನಾಲ್ಕು ವರ್ಷದಿಂದ ಅವರು ಅಡುಗೆಮನೆಯ ಮೂಲೆಯಲ್ಲೇ ತಿಂದು ಮಲಗಿದವರು. ಸೊಲಾಂಜ್ ಸೀಸೆಯನ್ನು ಅಲುಗಾಡಿಸದೆ ಎರಡೂ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತುತ್ತಾರೆ.

ದೊಡ್ಡ ಮೇಜಿನ ಮೇಲೆ ಒದೀಲ್ ಕಾಲದ ಬಿಳಿ ಹಾಸು ಹರಡಿದೆ, ಮಡಿಕೆಯ ಗೆರೆ ಇನ್ನೂ ಹೋಗಿಲ್ಲ. ಎರಡು ಲೋಟ ಇಟ್ಟಿದ್ದಾರೆ. ಒಂದು ತಮ್ಮ ಮುಂದೆ, ಒಂದು ಎದುರಿನ ಖಾಲಿ ಕುರ್ಚಿಯ ಮುಂದೆ. ಸೊಲಾಂಜ್ ಎರಡಕ್ಕೂ ಬಗ್ಗಿಸುತ್ತಾರೆ. ಅನ್ಸೆಲ್ಮ್ ಮೂಸುತ್ತಾರೆ. ಕುಡಿಯುತ್ತಾರೆ. ಆ ವರ್ಷದ ಸುಗ್ಗಿಯಲ್ಲಿ ಒದೀಲ್ ಬುಟ್ಟಿ ಹೊತ್ತು ಸಾಲಿನ ಕೊನೆಯಿಂದ ಬರುತ್ತಿದ್ದಳಂತೆ, ಕೈಯೆಲ್ಲ ಕಪ್ಪಾಗಿತ್ತಂತೆ, ಆ ಕೈಯಲ್ಲೇ ಇವರ ಕೆನ್ನೆಗೆ ಬಳಿದಳಂತೆ. ಹೇಳುತ್ತಾ ಹೇಳುತ್ತಾ ಅವರು ಅಳುತ್ತಾರೆ, ಕಣ್ಣು ಒರೆಸಿಕೊಳ್ಳುವ ಗೋಜಿಗೂ ಹೋಗದೆ.

ಆಮೇಲೆ ಅವರು ಎದುರಿನ ಲೋಟ ನೋಡಿ, ಇದ್ದಕ್ಕಿದ್ದಂತೆ ನಗುತ್ತಾರೆ.

"ಅವಳು ಇದ್ದಿದ್ರೆ ಏನಂತಿದ್ಲು ಗೊತ್ತಾ? 'ಇದನ್ನ ಹತ್ತು ವರ್ಷ ಮುಂಚೇನೇ ಕುಡೀಬೇಕಿತ್ತು ಕಣೋ ಜಿಪುಣಾ' ಅಂತಿದ್ಲು."

"ಸರಿಯಾಗೇ ಹೇಳ್ತಿದ್ರು," ಎನ್ನುತ್ತಾರೆ ಸೊಲಾಂಜ್. "ಆ ಲೋಟಾನೂ ಕುಡೀರಿ, ಅದರ ಜೀವ ಆರಿಹೋಗೋದ್ರೊಳಗೆ."

ಅಷ್ಟರಲ್ಲಿ ಮಾರಿನೆತ್ ಎಂದಿನಂತೆ ಬೆಳಗಿನ ಬೆಳ್ಳುಳ್ಳಿ ಸೂಪು ಹಿಡಿದು ಅಡುಗೆಮನೆಯ ಕಡೆಯಿಂದ ಬರುತ್ತಾರೆ. ಊಟದ ಕೋಣೆಯ ಬಾಗಿಲು ತೆರೆದಿರುವುದನ್ನು ಕಂಡು ಹೊಸ್ತಿಲಲ್ಲೇ ನಿಲ್ಲುತ್ತಾರೆ. ಅವರಿಗೂ ಒಂದು ಗುಟುಕು ಸಿಗುತ್ತದೆ. ಅನ್ಸೆಲ್ಮ್ ಸೂಪು ಮುಗಿಸಿ, ಸೀಸೆಯ ತಳದಲ್ಲಿ ಉಳಿದ ಗಷ್ಟು ಸಮೇತದ ವೈನನ್ನು ತಟ್ಟೆಗೇ ಸುರಿದು, ಸೂಪಿನ ಕೊನೆಯ ಹನಿಗಳ ಜೊತೆ ಕಲಸಿ, ತಟ್ಟೆ ಎತ್ತಿ ಗಟಗಟ ಕುಡಿಯುತ್ತಾರೆ. ಈ ಸೀಮೆಯ ಅಜ್ಜಂದಿರೆಲ್ಲ ಹಾಗೆ ಕುಡಿದವರೇ, ಆದರೆ ಅಗ್ಗದ ವೈನು.

"ಅಯ್ಯೋ ದೇವರೇ, ಎಪ್ಪತ್ತರದ್ದನ್ನ ಸೂಪಿಗೆ!" ಎಂದು ಮಾರಿನೆತ್ ಬಾಯಿ ಬಡಿದುಕೊಳ್ಳುತ್ತಾರೆ. "ಇಷ್ಟು ವರ್ಷ ನನ್ನ ಸೂಪಿಗೆ ಉಪ್ಪು ಸಾಲದು ಅಂತಿದ್ರಲ್ಲ, ಇವತ್ತು ಹೇಗಿತ್ತು?"

"ಇವತ್ತೂ ಸಾಲದು," ಎನ್ನುತ್ತಾರೆ ಅನ್ಸೆಲ್ಮ್.

ಸೊಲಾಂಜ್ ಸಲಕರಣೆ ತೊಳೆದು ವ್ಯಾನಿಗೆ ಏರಿಸುತ್ತಾರೆ. ಒಂದೇ ಒಂದು ಬಿರಡೆಯನ್ನೂ ಹಾಕದೆ ಹೊರಟ ದಿನ ಇದು. ಅದಕ್ಕೆ ಬೇಸರವೇ ಎಂದರೆ ಇಲ್ಲವೆಂದು ತಲೆಯಾಡಿಸುತ್ತಾರೆ. "ಸತ್ತಿದ್ದಕ್ಕೆ ಬಿರಡೆ ಹಾಕಿ ಮೋಸ ಮಾಡಿದವಳಲ್ಲ ನಾನು. ಬದುಕಿರೋದನ್ನ ಕುಡಿಸಿದೀನಿ. ಗ್ರಾಸ್ಯಾಂ ಮೇಸ್ತ್ರಿ ಇದ್ದಿದ್ರೆ ಬೈತಿರಲಿಲ್ಲ."

ಅನ್ಸೆಲ್ಮ್ ಗೇಟಿನ ತನಕ ಬರುತ್ತಾರೆ. ತುಟಿಯ ಮೇಲೆ ಇನ್ನೂ ಕೆಂಪು ಗೆರೆ.

"ಸೊಲಾಂಜ್, ಒಳಗಡೆ ಗೂಡಲ್ಲಿ ಎಪ್ಪತ್ತೈದರದ್ದು ಇದೆ. ಕ್ಲೋದೀನ್ ಹುಟ್ಟಿದ ವರ್ಷದ್ದು. ಅದಕ್ಕೂ ಬಿರಡೆ ಹಳೇದಾಗಿದೆ. ಬರ್ತೀಯಾ?"

ಸೊಲಾಂಜ್ ವ್ಯಾನಿನ ಬಾಗಿಲು ಎಳೆದುಕೊಂಡು ಕಿಟಕಿ ಇಳಿಸುತ್ತಾರೆ.

"ಬಿರಡೆ ಹಾಕೋಕೆ ಕರೀಬೇಡಿ, ಮಸ್ಯೂ ಅನ್ಸೆಲ್ಮ್. ಮಗಳನ್ನೂ ಕರೆದು, ನನ್ನನ್ನೂ ಊಟಕ್ಕೆ ಕರೀರಿ."