ಹಡಗಿನ ಮೆಟ್ಟಿಲಲ್ಲಿ ಮುರಿದ ಮಂಡಿ

ನಾನು ಮಂಡ್ಯದಲ್ಲಿ ವಕೀಲನೆಂದು ಬೋರ್ಡು ತಗುಲಿಹಾಕಿದ ಹೊಸತರಲ್ಲಿ ನನ್ನ ಬಳಿ ಬರುತ್ತಿದ್ದವೆಲ್ಲ ನೀರಿನ ಜಗಳಗಳೇ. ನಾಲೆ ಬಂದು ಕೊತ್ತತ್ತಿ ಕಡೆಯ ಗದ್ದೆಗಳೆಲ್ಲ ಹಸಿರಾಗಿದ್ದವು. ಅದರ ಹಿಂದೆಯೇ ತೂಬು ಕಿತ್ತವರು, ಬದು ಒಡೆದವರು, ಪಕ್ಕದವನ ಸರದಿಯ ನೀರನ್ನು ತಮ್ಮ ಕಡೆ ತಿರುಗಿಸಿಕೊಂಡವರು ಒಬ್ಬರಾದ ಮೇಲೊಬ್ಬರು ಬರುತ್ತಿದ್ದರು. ಅಂಥದರಲ್ಲಿ ಒಂದು ಬೆಳಗ್ಗೆ ಮದ್ದೂರಿನ ಸಾಹೇಬರೊಬ್ಬರು ಗಾಡಿಯಿಂದಿಳಿದು, ನನ್ನ ಜಗಲಿಯ ಮೇಲೆ ಬಲಗಾಲನ್ನು ನೆಟ್ಟಗೆ ಚಾಚಿಕೊಂಡು ಕೂತು, “ಒಂದು ಅಡಗಿನ ಕಂಪ್ನಿ ಮ್ಯಾಲೆ ಕೇಸು ಆಕ್ಬೇಕು ಸ್ವಾಮಿ” ಎಂದರು.

ಒಳಗೆ ರಾಗಿ ಕೇರುತ್ತಿದ್ದ ನಮ್ಮವ್ವ ಮೊರವನ್ನು ಹಿಡಿದುಕೊಂಡೇ ಬಾಗಿಲಿಗೆ ಬಂದಳು. “ಅಲ್ಲ ಕಣ್ಲಾ, ನಮ್ ಕಡೀಕೆ ಅಡಗು ಎಲ್ಲಿಂದ ಬಂತು? ನಾಲೇಲಿ ಬಂದದಾ?”

ಸಾಹೇಬರು ನಕ್ಕರು. ನಡುವಯಸ್ಸಿನ, ಅಗಲ ಮುಖದ, ನಕ್ಕರೆ ಕಣ್ಣು ಮುಚ್ಚಿಹೋಗುವ ಮನುಷ್ಯ. ಪ್ರಾಯದಲ್ಲಿ ಮದ್ದೂರು ಸ್ಟೇಷನ್ನಿನ ಬಳಿ ತಿಂಡಿ ಅಂಗಡಿಯಲ್ಲಿ ವಡೆ ಕರಿಯುತ್ತಿದ್ದವರು, ನೆಂಟರೊಬ್ಬರ ಹಿಂದೆ ಬೊಂಬಾಯಿಗೆ ಹೋಗಿ ಹಡಗಿನ ಅಡಿಗೆಮನೆ ಸೇರಿದ್ದರು. ಸರಕು ಸಾಗಿಸುವ ಹಡಗಲ್ಲ ಅದು; ದುಡ್ಡುಳ್ಳವರು ಹವಾ ಬದಲಾವಣೆಗೆಂದು ಊರೂರು ಸುತ್ತುವ, ಒಳಗೇ ಬ್ಯಾಂಡು ಬಾರಿಸುವ, ಹೋಟೆಲಿನಂಥ ದೊಡ್ಡ ಹಡಗು. ಅಡಿಗೆಯವರೆಲ್ಲ ಕೆಳಗೆ, ಪ್ರಯಾಣಿಕರು ಮೇಲೆ. ಕೆಳಗಿನವರು ಮೇಲೆ ಹೋಗುವಂತಿಲ್ಲ.

ಒಂದು ಸಂಜೆ ಇವರು ಕೆಲಸದವರಿಗೆಂದು ಈರುಳ್ಳಿ ಹಾಕಿ ಮದ್ದೂರಿನ ವಡೆ ಕರಿದಿದ್ದರು. ಬಡಿಸುವ ಹುಡುಗರಲ್ಲೊಬ್ಬ ಅದನ್ನು ತಿನ್ನುತ್ತ ಮೇಲೆ ಹೋದ. ಅಲ್ಲಿದ್ದ ವಯಸ್ಸಾದ ದೊರೆಸಾನಿಯೊಬ್ಬಳು ಅವನ ಕೈಯಲ್ಲಿದ್ದ ಚೂರನ್ನು ನೋಡಿದಳು. ಆಕೆ ಊಟಿಯವಳು, ಮೈಸೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗುವಾಗಲೆಲ್ಲ ಮದ್ದೂರಿನಲ್ಲಿ ಆ ವಡೆ ತಿಂದವಳು. ನಡುಸಮುದ್ರದಲ್ಲಿ ಅದನ್ನು ಕಂಡು ಎಷ್ಟು ಸಡಗರವಾಯಿತೋ, ಮಾಡಿದವನನ್ನು ಈಗಲೇ ನೋಡಬೇಕೆಂದು ಹಟ ಹಿಡಿದಳು. ಬಡಿಸುವವರ ಮೇಸ್ತ್ರಿಯೇ ಇಳಿದು ಬಂದು ಇವರನ್ನು ಕರೆದುಕೊಂಡು ಹೋದ.

“ಆಯಮ್ಮ ಮೆಟ್ಲು ತಲೇಲಿ ನಿಂತಿದ್ಲು ಸ್ವಾಮಿ. ‘ಮದ್ದೂರ್, ಮದ್ದೂರ್’ ಅಂತ ಕೈ ಚಾಚುದ್ಲು. ಅಷ್ಟ್ರಲ್ಲಿ ಅಡಗು ಒಂದ್ ಕಡೀಕ್ ವಾಲ್ಬುಡ್ತು. ಆಯಮ್ಮ ನನ್ ಮ್ಯಾಲೆ ಬಂದ್ಲು. ನಾನು ಇಡ್ಕೊಂಡೆ. ಇಬ್ರೂ ಉಲ್ಟಾ ಬಿದ್ದೋ. ಆಯಮ್ಮುಂದು ಮಣಿಕಟ್ಟು, ನಂದು ಮಂಡಿ.”

ಮಂಡಿಯ ಚಿಪ್ಪು ಒಡೆದಿತ್ತು. ಬೊಂಬಾಯಿಯ ಆಸ್ಪತ್ರೆಯಲ್ಲಿ ಕಾಲು ಕೂಡಿಕೊಂಡಿತಾದರೂ ಮಡಿಸಲು ಬರಲಿಲ್ಲ. ಕಂಪನಿ ರೈಲಿನ ಟಿಕೆಟು ಕೊಟ್ಟು ಊರಿಗೆ ಕಳಿಸಿತು. ಕೆಲಸಗಾರನಿಗೆ ಗಾಯವಾದರೆ ಪರಿಹಾರ ಕೊಡಬೇಕೆಂಬ ಕಾನೂನು ಇದೆಯೆಂದು ಜೊತೆಯವರು ಹೇಳಿದ್ದನ್ನು ನಂಬಿ ಕೇಳಿದರೆ, ಬಂದ ಉತ್ತರ ಬೇರೆ: ಅಡಿಗೆಯವನು ನಿಯಮ ಮೀರಿ ತನ್ನಿಷ್ಟಕ್ಕೆ ಮೇಲೆ ಹೋಗಿದ್ದಾನೆ, ಬಿದ್ದದ್ದು ಅವನ ತಪ್ಪು, ಕಂಪನಿಗೆ ಸಂಬಂಧವಿಲ್ಲ.

“ಬಿದ್ದುದ್ದುಕ್ ಬೇಜಾರಿಲ್ಲ ಸ್ವಾಮಿ. ನಮ್ಮವ್ವ ಬೀಳ್ತಿದ್ರೂ ಇಡೀತಿದ್ದೆ. ಕರುದ್ರು ಅಂತ ಮ್ಯಾಕ್ ಓದೋನ್ನ ಕದ್ದು ಓದ ಅಂತ ಬರುದ್ಬುಟ್ರಲ್ಲ, ಅದು ತಡಿಯಕ್ಕಾಗಲ್ಲ” ಎಂದಾಗ ಮಾತ್ರ ಅವರ ಮುಖದಲ್ಲಿ ನಗು ಇರಲಿಲ್ಲ.

ನಾನು ಸಮುದ್ರವನ್ನೇ ನೋಡಿದವನಲ್ಲ. ಕನ್ನಂಬಾಡಿ ಕಟ್ಟೆಯ ಹಿನ್ನೀರೇ ನಾನು ಕಂಡ ದೊಡ್ಡ ನೀರು. ಆದರೂ ಕೇಸು ಹಿಡಿದೆ. ಬೆಂಗಳೂರಿನ ದಂಡು ಪ್ರದೇಶದಲ್ಲಿ ಆ ಕಂಪನಿಯ ಕಚೇರಿ ಇತ್ತು, ಪರಿಹಾರದ ವಿಚಾರಣೆ ನಡೆಸುವ ಅಧಿಕಾರಿಯೂ ಅಲ್ಲೇ ಇದ್ದ. ಅರ್ಜಿ ಹಾಕಿದ್ದಾಯಿತು, ವಿಚಾರಣೆಗೆ ದಿನ ಗೊತ್ತಾಯಿತು. ಆದರೆ ಸಾಕ್ಷಿ? ಬಡಿಸುವವರ ಮೇಸ್ತ್ರಿ ಕಂಪನಿಯ ಅನ್ನ ತಿನ್ನುವವನು, ಹುಡುಗ ಇನ್ನೂ ಸಮುದ್ರದ ಮೇಲಿದ್ದ. ಮದ್ದೂರಿನ ಅವರ ಮನೆಯಲ್ಲಿ ಕೂತು ನಾನು ಇದನ್ನೇ ಯೋಚಿಸುತ್ತಿದ್ದಾಗ ಬಾಗಿಲ ಪರದೆಯ ಹಿಂದಿನಿಂದ ಅವರ ಹೆಂಡತಿಯ ದನಿ ಬಂತು.

“ಆ ದೊರೆಸಾನಿನೇ ಕೇಳುದ್ರಾಗಲ್ವಾ? ಊಟಿ ಏನು ವಿಲಾಯ್ತಿಲಿ ಅದಾ? ಓಗ್ಬುಟ್ಟು ಬನ್ನಿ.”

ಸಾಹೇಬರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಆಕೆಯ ಹೆಸರು ಇವರಿಗೆ ಗೊತ್ತಿರಲಿಲ್ಲ, ಇವರ ಹೆಸರನ್ನು ಆಕೆ ಕೇಳಿರಲೂ ಇಲ್ಲ.

ಮೈಸೂರಿನವರೆಗೆ ರೈಲು, ಅಲ್ಲಿಂದ ಬಸ್ಸು. ಮಡಿಸಲು ಬಾರದ ಅವರ ಕಾಲು ಬಸ್ಸಿನ ನಡುವೆ ಅಡ್ಡಗಟ್ಟೆಯ ಹಾಗೆ ಚಾಚಿತ್ತು. ಹತ್ತಿದವರು, ಇಳಿದವರು ಎಲ್ಲರೂ ಅದನ್ನು ದಾಟಿಯೇ ಹೋಗಬೇಕು. ಗುಂಡ್ಲುಪೇಟೆಯಲ್ಲಿ ಹತ್ತಿದ ಒಬ್ಬ ಹೆಂಗಸು ಕಂಕುಳಲ್ಲಿ ಕೋಳಿ ಹಿಡಿದು ದಾಟುವಾಗ ಕೋಳಿ ಜಾರಿ ಇವರ ಮಡಿಲಿಗೆ ಬಿತ್ತು. “ಇಡಿಯೋದೇ ನನ್ ಅಣೇಬರ” ಎಂದು ಇವರು ಅದನ್ನು ಮೆಲ್ಲಗೆ ಎತ್ತಿ ಕೊಟ್ಟರು. ಬಸ್ಸಿಗೆ ಬಸ್ಸೇ ನಕ್ಕಿತು. ಘಟ್ಟ ಹತ್ತತೊಡಗಿದ ಮೇಲೆ ನಗುವ ಸ್ಥಿತಿ ನನ್ನದಾಗಿರಲಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿದವನು ಒಳಗೆ ತೆಗೆಯಲೇ ಇಲ್ಲ. ಸಾಹೇಬರು ನನ್ನ ಬೆನ್ನು ನೀವುತ್ತ, “ದೂರುಕ್ಕೆ ಒಂದೇ ಕಡೆ ನೋಡ್ತಾ ಇರಿ ಸ್ವಾಮಿ, ಅಡಗಲ್ಲೂ ಇಂಗೇಯ” ಎಂದು ಸಮಾಧಾನ ಹೇಳಿದರು. ಅವರಿಗಂತೂ ತೊಟ್ಟಿಲಲ್ಲಿ ಕೂತಷ್ಟು ಸುಖವಾಗಿತ್ತು.

ಊಟಿಯಲ್ಲಿ ಇಳಿದಾಗ ಚಳಿಗೆ ನನ್ನ ಹಲ್ಲು ಕಟಕಟ ಎನ್ನುತ್ತಿತ್ತು. ಯಾರನ್ನು ಏನೆಂದು ಕೇಳುವುದು? ಸಾಹೇಬರು ನೇರವಾಗಿ ಮಾರುಕಟ್ಟೆಗೆ ನಡೆದರು. ಬಂಗಲೆಗಳ ಅಡಿಗೆಯವರೆಲ್ಲ ಮಾಂಸಕ್ಕೂ ತರಕಾರಿಗೂ ಅಲ್ಲಿಗೇ ಬರುತ್ತಾರಲ್ಲ. ಒಬ್ಬರ ಹತ್ತಿರ ಉರ್ದು, ಒಬ್ಬರ ಹತ್ತಿರ ತಮಿಳು, ಇನ್ನೊಬ್ಬರ ಹತ್ತಿರ ಬರೀ ಕೈಸನ್ನೆ. ಹಡಗಿನಲ್ಲಿ ಬಿದ್ದು ಮಣಿಕಟ್ಟು ಮುರಿದುಕೊಂಡ ಮುದುಕಿ ಎನ್ನುತ್ತಿದ್ದ ಹಾಗೇ ಬುಟ್ಟಿ ಹಿಡಿದು ನಿಂತಿದ್ದ ಒಬ್ಬ ಅಡಿಗೆಯವನು ಹಣೆ ಚಚ್ಚಿಕೊಂಡ. ಆ ಕಥೆ ಕೇಳಿ ಕೇಳಿ ತನ್ನ ಕಿವಿ ತೂತಾಗಿದೆ, ಬನ್ನಿ ಎಂದು ಕರೆದುಕೊಂಡೇ ಹೋದ.

ಆಕೆ ತೋಟದಲ್ಲಿ ಗುಲಾಬಿ ಗಿಡ ಸವರುತ್ತಿದ್ದಳು. ತೆಳ್ಳಗಿನ, ಚೂಪು ಮೂಗಿನ ಮುದುಕಿ. ಗೇಟಿನ ಬಳಿ ಕಾಲೆಳೆದು ಬರುತ್ತಿದ್ದವರನ್ನು ನೋಡಿ ಕತ್ತರಿ ಕೆಳಗೆ ಹಾಕಿ, “ಮದ್ದೂರ್!” ಎಂದು ಕೂಗಿ ಓಡಿ ಬಂದಳು. ಮರುಗಳಿಗೆಗೆ ಅವಳ ಕಣ್ಣು ಆ ಕಾಲಿನ ಮೇಲೆ ಬಿತ್ತು. ಇದೇನು, ಇನ್ನೂ ಗುಣವಾಗಿಲ್ಲವೆ ಎಂದು ಕೇಳಿದಳು. ಅವನಿಗೆ ಗುಣವಾಗಿದೆ, ಕೊಡಬೇಕಾದ್ದನ್ನೆಲ್ಲ ಕೊಟ್ಟು ಕಳಿಸಿದ್ದೇವೆ ಎಂದು ಕಂಪನಿಯವರು ಅವಳಿಗೆ ಹೇಳಿದ್ದರಂತೆ. ನಾನು ನನ್ನ ಕಾಲೇಜು ಇಂಗ್ಲಿಷಿನಲ್ಲಿ ವಿಷಯವನ್ನೆಲ್ಲ ವಿವರಿಸಿದೆ. ಕೇಳುತ್ತ ಕೇಳುತ್ತ ಅವಳ ಮೂಗು ಕೆಂಪಾಯಿತು. ನಮಗೆ ಚಹಾ ಕೊಡುವಂತೆ ಒಳಗೆ ಹೇಳಿ, ಬೆಂಗಳೂರಿಗೆ ಯಾವತ್ತು ಬರಬೇಕು ಎಂದಷ್ಟೇ ಕೇಳಿದಳು.

ವಿಚಾರಣೆಯ ದಿನ ಹೇಳಿದ ಹೊತ್ತಿಗೆ ಬಂದಳು. ಟೋಪಿಯಲ್ಲಿ ಗರಿ ಸಿಕ್ಕಿಸಿಕೊಂಡಿದ್ದಳು. ಕಂಪನಿಯ ವಕೀಲರು ದೊಡ್ಡ ಹೆಸರಿನವರು. ನಾನು ಅವರ ಎದುರು ಕೂತಾಗ ನನ್ನ ಕೋಟಿನ ತೋಳು ಗಿಡ್ಡವಾಗಿರುವುದು ಮೊದಲ ಸಲ ನನ್ನ ಗಮನಕ್ಕೆ ಬಂತು. ಅವರು ಎದ್ದು ನಯವಾಗಿ ಕೇಳಿದರು: ಪ್ರಯಾಣಿಕರೊಬ್ಬರು ಕರೆದ ಮಾತ್ರಕ್ಕೆ ಅಡಿಗೆಯವನು ಮೇಲೆ ಬರಬಹುದೆ?

“ನಾನು ಮೆಟ್ಟಿಲಲ್ಲಿ ನಿಂತು ಕೂಗಲಿಲ್ಲ. ಬಡಿಸುವವರ ಮುಖ್ಯಸ್ಥನಿಗೆ ಹೇಳಿದೆ, ಅವನೇ ಹೋಗಿ ಕರೆತಂದ. ಅವನು ನಿಮ್ಮ ಕಂಪನಿಯವನೇ ತಾನೆ?”

ವಕೀಲರು ಕೈಯಲ್ಲಿದ್ದ ಹಾಳೆ ಮಗುಚಿದರು. ಕರೆತಂದಿದ್ದನೆಂದೇ ಇಟ್ಟುಕೊಳ್ಳೋಣ, ಆದರೆ ತಮ್ಮನ್ನು ಹಿಡಿದುಕೊಳ್ಳುವುದು ಅಡಿಗೆಯವನ ಕೆಲಸವೇನೂ ಅಲ್ಲವಲ್ಲ ಎಂದರು.

ದೊರೆಸಾನಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಹಾಗಾದರೆ ಬೀಳುತ್ತಿರುವ ಮುದುಕಿಯನ್ನು ಹಿಡಿಯುವುದು ನಿಮ್ಮ ಹಡಗಿನಲ್ಲಿ ಯಾರ ಕೆಲಸ? ಹೇಳಿಬಿಡಿ, ಮುಂದಿನ ಸಲ ಅವರ ಪಕ್ಕದಲ್ಲೇ ನಿಂತಿರುತ್ತೇನೆ.”

ಅಧಿಕಾರಿ ನಗು ತಡೆಯಲಾರದೆ ಕರವಸ್ತ್ರ ತೆಗೆದು ಬಾಯಿಗೆ ಹಿಡಿದುಕೊಂಡ. ನಾನು ತಿಂಗಳಿನಿಂದ ಬಾಯಿಪಾಠ ಮಾಡಿದ್ದ ವಾದ ನಾಲಗೆಯ ತುದಿಯಲ್ಲಿತ್ತು. ಎದ್ದು ನಿಂತೆ, ಒಂದು ಸಲ ಎಲ್ಲರ ಮುಖ ನೋಡಿದೆ, ಹೇಳುವುದೇನೂ ಇಲ್ಲವೆಂದು ಕೂತುಬಿಟ್ಟೆ. ಆ ವರ್ಷವೆಲ್ಲ ನಾನು ಮಾಡಿದ ವಕೀಲಿಕೆಯಲ್ಲಿ ಅದೇ ಜಾಣತನದ್ದು.

ಕೇಳಿದ ಪರಿಹಾರವನ್ನು ಪೂರ್ತಿ ಕೊಡಬೇಕೆಂದು ತೀರ್ಪಾಯಿತು. ಅದಕ್ಕಿಂತಲೂ, ಆತ ಕರೆಸಿಕೊಂಡೇ ಮೇಲೆ ಹೋದವನು, ತಪ್ಪು ಅವನದಲ್ಲ ಎಂದು ಅಧಿಕಾರಿ ಓದಿದಾಗ ಸಾಹೇಬರು ಅದನ್ನು ಕನ್ನಡದಲ್ಲಿ ಹೇಳಿ ಎಂದು ನನ್ನಿಂದ ಮತ್ತೆ ಮತ್ತೆ ಹೇಳಿಸಿಕೊಂಡರು. ಹೊರಗೆ ಬಂದ ಮೇಲೆ ದೊರೆಸಾನಿ ತನ್ನ ಸೊಟ್ಟ ಮಣಿಕಟ್ಟನ್ನು ಚಾಚಿ ಅವರ ಕೈ ಕುಲುಕಿದಳು. ಇಬ್ಬರೂ ಹಡಗಿನ ಇಂಗ್ಲಿಷಿನಲ್ಲಿ ಏನೇನೋ ಮಾತಾಡಿಕೊಂಡು ನಗುತ್ತಿದ್ದರು. ನನಗೆ ಅರ್ಧವೂ ತಿಳಿಯಲಿಲ್ಲ.

ಸಾಹೇಬರು ಮಂಡ್ಯದ ಸಕ್ಕರೆ ಕಾರ್ಖಾನೆಯ ದಾರಿಯಲ್ಲಿ ತಿಂಡಿ ಅಂಗಡಿ ಇಟ್ಟರು. ಕುಕ್ಕರಗಾಲಲ್ಲಿ ಕೂರಲು ಆಗದ ಕಾರಣ ನಿಂತೇ ಅಡಿಗೆ ಮಾಡುವಷ್ಟು ಎತ್ತರದ ಒಲೆ ಕಟ್ಟಿಸಿದರು. ಹಡಗಿನಲ್ಲಿ ಹೀಗೇ ಇರುತ್ತದಂತೆ. ಅದನ್ನು ನೋಡಲೆಂದೇ ದುದ್ದದಿಂದ ಹೆಂಗಸರು ಬಂದು ಹೋಗುತ್ತಿದ್ದರು.

ನನಗೆ ಬಂದ ಫಲ ಬೇರೆ. ಸುದ್ದಿ ಸುತ್ತಮುತ್ತ ಹಬ್ಬಿ, ಒಂದು ಬೆಳಗ್ಗೆ ಬಾಗಿಲು ತೆಗೆದರೆ ಜಗಲಿಯ ತುಂಬ ಪೆಟ್ಟು ಬಿದ್ದವರು. ತೆಂಗಿನ ಮರದಿಂದ ಬಿದ್ದು ಸೊಂಟ ಹಿಡಿದವನು, ಎತ್ತಿನಿಂದ ಹಾಯಿಸಿಕೊಂಡವನು, ಬೀಗರ ಮನೆಯ ಹೊಸಲಿಗೆ ಎಡವಿ ಉಗುರು ಕಿತ್ತುಕೊಂಡವನು. ಮಳವಳ್ಳಿಯಿಂದ ಬಂದಿದ್ದ ಒಬ್ಬ ಮುದುಕ ಕೈಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ತೋರಿಸುತ್ತ, “ನಮ್ ಕೊಟ್ಗೆ ಅಸುನೇ ಒದ್ದದ್ದು ಸ್ವಾಮಿ. ಯಾವ ಕಂಪ್ನಿ ಮ್ಯಾಲೆ ಆಕವ, ನೀವೇ ಏಳಿ” ಎಂದ.

ಅವ್ವ ಎಲ್ಲರನ್ನೂ ಒಮ್ಮೆ ನೋಡಿ, “ಮೊದ್ಲು ಒಂದಿಷ್ಟು ಅರಿಸ್ನ ಅರಕೊಂಡ್ ಬತ್ತೀನಿ ಇರ್ಲಾ” ಎಂದು ಒಳಗೆ ಹೋದಳು.